ಎರಡನೇ ನೋಡ್ ತಾನಾಗಿಯೇ ಎದ್ದರೆ ಕನ್ಸೋಲ್‌ನ ಹಸಿರು ದೀಪ ನಂಬಬೇಡಿ

ಡೇಟಾವನ್ನು ಒಂದೆಡೆಯಿಂದ ಎತ್ತಿ ಇನ್ನೊಂದೆಡೆ ತುಂಬುವ ಇನ್ಫರ್ಮ್ಯಾಟಿಕಾ ಪವರ್‌ಸೆಂಟರನ್ನು ಹಲವು ಲಿನಕ್ಸ್ ಸರ್ವರ್‌ಗಳ (ನೋಡ್‌ಗಳ) ಗ್ರಿಡ್‌ನಲ್ಲಿ ನಡೆಸುವವರು, ಅದರಲ್ಲೂ ಒರಾಕಲ್ ಡೇಟಾಬೇಸ್‌ನಿಂದ ಕನ್ನಡ, ಮಲಯಾಳ ಹೆಸರುಗಳನ್ನು ಎತ್ತುವವರು ಇದನ್ನು ದಯವಿಟ್ಟು ಓದಿ.

ಕಾಸರಗೋಡಿನ ಒಂದು ಸಹಕಾರ ಸಂಘದಲ್ಲಿ ಆದದ್ದು. ಮಳೆಗಾಲದ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು ಎರಡನೇ ನೋಡ್ ನಿಂತಿತು. ಕರೆಂಟ್ ಬಂದಾಗ ತಾನಾಗಿಯೇ ಎದ್ದಿತು, ಕನ್ಸೋಲ್‌ನಲ್ಲಿ ಹಸಿರು ದೀಪ. ಬೆಳಿಗ್ಗೆ ವರದಿಯಲ್ಲಿ ಒಂದು ಶಾಖೆಯ ಸದಸ್ಯರ ಊರು ‘ಬದಿಯಡ್ಕ’ ಇರಬೇಕಾದಲ್ಲೆಲ್ಲ ‘???????’. ಉಳಿದ ಶಾಖೆಗಳು ಸರಿ. ಸೆಷನ್‌ನ (ಡೇಟಾ ಎತ್ತಿ ತುಂಬುವ ಒಂದು ಕೆಲಸದ) ಲಾಗ್‌ನಲ್ಲಿ ದೋಷವಿಲ್ಲ, ಓದಿದ ಸಾಲುಗಳೂ ಬರೆದ ಸಾಲುಗಳೂ ತಾಳೆಯಾಗುತ್ತವೆ. ಯಾವ ಸೆಷನ್ ಯಾವ ನೋಡ್‌ಗೆ ಎಂಬುದನ್ನು ಲೋಡ್ ಬ್ಯಾಲೆನ್ಸರ್ ತೀರ್ಮಾನಿಸುತ್ತದೆ. ಹಾಗಾಗಿ ಮತ್ತೊಮ್ಮೆ ಓಡಿಸಿದಾಗ ಅದೇ ಸೆಷನ್ ಮೊದಲ ನೋಡ್‌ಗೆ ಹೋಗಿ ಸರಿಯಾಗಿಯೇ ಬಂತು. ‘ಸರಿಹೋಯಿತು’ ಎಂದು ಅಲ್ಲಿಗೇ ಬಿಟ್ಟದ್ದು ದೊಡ್ಡ ತಪ್ಪು. ಮರುರಾತ್ರಿ ಬೇರೊಂದು ಶಾಖೆ ಕೆಟ್ಟಿತು.

ಕಾರಣ ಎನ್‌ಎಲ್‌ಎಸ್_ಲ್ಯಾಂಗ್, ಅಂದರೆ ಭಾಷೆ ಮತ್ತು ಅಕ್ಷರ ಸಂಕೇತ ಪದ್ಧತಿ ಯಾವುದೆಂದು ಒರಾಕಲ್ ಕ್ಲೈಂಟ್‌ಗೆ ಹೇಳುವ ಎನ್ವಿರಾನ್ಮೆಂಟ್ ವೇರಿಯಬಲ್. ಅದನ್ನು ಬರೆದಿಟ್ಟದ್ದು ಸರ್ವಿಸ್ ಬಳಕೆದಾರನ ಬ್ಯಾಶ್ ಪ್ರೊಫೈಲ್‌ನಲ್ಲಿ, ಅಂದರೆ ಲಾಗಿನ್ ಆದಾಗ ಓದುವ ಫೈಲ್‌ನಲ್ಲಿ. ಮೊದಲ ನೋಡನ್ನು ಲಾಗಿನ್ ಆಗಿ ಕೈಯಾರೆ ಶುರುಮಾಡಿದ್ದರು, ಪ್ರೊಫೈಲ್ ಓದಿಕೊಂಡಿತು. ಎರಡನೆಯದನ್ನು ಎಬ್ಬಿಸಿದ್ದು ಸಿಸ್ಟಮ್‌ಡಿ, ಲಿನಕ್ಸ್ ಎದ್ದಾಗ ಸರ್ವಿಸ್‌ಗಳನ್ನು ಶುರುಮಾಡುವ ವ್ಯವಸ್ಥೆ. ಅದು ಬ್ಯಾಶ್ ಪ್ರೊಫೈಲ್ ಓದುವುದಿಲ್ಲ. ಎನ್‌ಎಲ್‌ಎಸ್_ಲ್ಯಾಂಗ್ ಇಲ್ಲದಿದ್ದರೆ ಒರಾಕಲ್ ಕ್ಲೈಂಟ್ ಯುಎಸ್7ಆಸ್ಕಿ ಎಂದುಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಒಂದೊಂದು ಯೂನಿಕೋಡ್ ಸಂಕೇತಕ್ಕೆ ಒಂದೊಂದು ಪ್ರಶ್ನಾರ್ಥಕ: ಗುಣಿತದ ಚಿಹ್ನೆ, ಹಲಂತವೂ ಸೇರಿ ‘ಬದಿಯಡ್ಕ’ದಲ್ಲಿ ಏಳು. ಮೂಲ ಡೇಟಾಬೇಸ್ ಕೆಡುವುದಿಲ್ಲ, ಆದರೆ ಪ್ರಶ್ನಾರ್ಥಕದಿಂದ ಹೆಸರನ್ನು ಮರಳಿ ಪಡೆಯುವ ದಾರಿಯೇ ಇಲ್ಲ, ಮೂಲದಿಂದಲೇ ಮತ್ತೆ ಎತ್ತಬೇಕು. ಬದಲಾದ ಸಾಲುಗಳನ್ನು ಮಾತ್ರ ಎತ್ತುವ ಲೋಡ್ ಆದರೆ, ಕೊನೆಯ ಓಟದ ದಿನಾಂಕವನ್ನು ಹಿಂದಕ್ಕೆ ಸರಿಸದೆ ಆ ಸಾಲುಗಳು ಬರುವುದೇ ಇಲ್ಲ.

ಲಾಗಿನ್ ಆಗಿ ಎಕೋ ಹೊಡೆದು ನೋಡಿದರೆ ಸಾಲದು. ನಿಮಗೆ ಕಾಣುವುದು ನಿಮ್ಮ ಶೆಲ್‌ನಲ್ಲಿರುವ ಮೌಲ್ಯ, ಓಡುತ್ತಿರುವ ಸರ್ವಿಸ್‌ನದ್ದಲ್ಲ. ಪ್ರತಿ ನೋಡ್‌ನಲ್ಲೂ ಪವರ್‌ಸೆಂಟರ್‌ನ ಪಿಎಮ್‌ಸರ್ವರ್ ಪ್ರಕ್ರಿಯೆಯ ಸಂಖ್ಯೆ ಹುಡುಕಿ, ಪ್ರೋಕ್ ಡೈರೆಕ್ಟರಿಯ ಕೆಳಗೆ ಆ ಸಂಖ್ಯೆಯ ಡೈರೆಕ್ಟರಿಯಲ್ಲಿರುವ ಎನ್ವಿರಾನ್ ಫೈಲ್ ತೆರೆದು ನೋಡಿ. ಎನ್‌ಎಲ್‌ಎಸ್_ಲ್ಯಾಂಗ್ ಎಲ್ಲ ಕಡೆಯೂ ಅಮೆರಿಕನ್_ಅಮೆರಿಕಾ.ಎಎಲ್32ಯುಟಿಎಫ್8 ಇರಬೇಕು. ಒರಾಕಲ್ ಫೈಲ್‌ಗಳು ಎಲ್ಲಿವೆಯೆಂದು ಹೇಳುವ ಒರಾಕಲ್_ಹೋಮ್, ಟಿಎನ್‌ಎಸ್_ಅಡ್ಮಿನ್, ಲೈಬ್ರರಿ ಪಾತ್ ಕೂಡ ಅಲ್ಲೇ ಹೋಲಿಸಿ. ಇವನ್ನೆಲ್ಲ ಪ್ರೊಫೈಲ್‌ನಿಂದ ತೆಗೆದು ಒಂದೇ ಎನ್ವಿರಾನ್ಮೆಂಟ್ ಫೈಲ್‌ಗೆ ಹಾಕಿ, ಎಲ್ಲ ನೋಡ್‌ಗಳ ಸಿಸ್ಟಮ್‌ಡಿ ಯೂನಿಟ್‌ನಿಂದ (ಸರ್ವಿಸನ್ನು ಹೇಗೆ ಶುರುಮಾಡಬೇಕೆಂದು ಬರೆದಿಡುವ ಫೈಲ್) ಅದನ್ನೇ ಓದಿಸಿ. ಕೈಯಾರೆ ಶುರುಮಾಡುವ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿ.

ಅದೇ ರಾತ್ರಿ ಇನ್ನೊಂದು ಅಪಾಯ ಸ್ವಲ್ಪದರಲ್ಲಿ ತಪ್ಪಿತು. ಪವರ್‌ಸೆಂಟರ್ ತನ್ನ ಫೈಲ್‌ಗಳನ್ನಿಡುವ ಮೂಲ ಡೈರೆಕ್ಟರಿ ಪಿಎಮ್‌ರೂಟ್‌ಡಿರ್ ಎಲ್ಲ ನೋಡ್‌ಗಳಿಗೂ ಒಂದೇ ಹಂಚಿಕೆಯ ಡಿಸ್ಕ್‌ನಲ್ಲಿರಬೇಕು. ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚುವ ಆ ಡಿಸ್ಕ್) ಮೌಂಟ್ ಆಗುವ ಮೊದಲೇ, ಅಂದರೆ ಡೈರೆಕ್ಟರಿಗೆ ಜೋಡಣೆಯಾಗುವ ಮೊದಲೇ, ಸರ್ವಿಸ್ ಎದ್ದರೆ ಖಾಲಿ ಡೈರೆಕ್ಟರಿಯಲ್ಲೇ ಫೈಲ್‌ಗಳನ್ನು ಬರೆಯುತ್ತದೆ. ಆಮೇಲೆ ಮೌಂಟ್ ಆದಾಗ ಅವು ಅದರಡಿ ಮುಚ್ಚಿಹೋಗುತ್ತವೆ. ಯೂನಿಟ್‌ನಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಸಾಲು ಸೇರಿಸಿ, ಆಗ ಮೌಂಟ್ ಆದ ಮೇಲಷ್ಟೇ ಸರ್ವಿಸ್ ಏಳುತ್ತದೆ. ಮೌಂಟ್ ಆಗದಿರುವಾಗ ಸರ್ವಿಸ್ ಬಳಕೆದಾರನಿಗೆ ಆ ಡೈರೆಕ್ಟರಿಯಲ್ಲಿ ಬರೆಯುವ ಅನುಮತಿಯೂ ಇರಬಾರದು. ಬಳಕೆದಾರನ ಸಂಖ್ಯೆ ಎಲ್ಲ ನೋಡ್‌ಗಳಲ್ಲೂ ಒಂದೇ ಇರಲಿ. ಸಾಮಾನ್ಯ ಎನ್‌ಎಫ್‌ಎಸ್ ಸೆಟಪ್‌ನಲ್ಲಿ ಫೈಲ್ ಯಾರದ್ದೆಂದು ತೀರ್ಮಾನವಾಗುವುದು ಆ ಸಂಖ್ಯೆಯಿಂದ, ಹೆಸರಿನಿಂದಲ್ಲ.

ಹಾಟ್‌ಫಿಕ್ಸ್ (ತಿದ್ದುಪಡಿ ಪ್ಯಾಚ್) ಮಟ್ಟ, ಗಡಿಯಾರ, ಓಪನ್ ಫೈಲ್ ಮಿತಿ ಇವೂ ಎಲ್ಲ ನೋಡ್‌ಗಳಲ್ಲಿ ಒಂದೇ ಇರಬೇಕು. ಕರೆಂಟ್ ಹೋಗಿ ಬಂದ ಮೇಲೆ ರಾತ್ರಿಯ ಲೋಡ್‌ಗೆ ಮುಂಚೆ ‘ಬದಿಯಡ್ಕ’ದಂಥ ಒಂದೇ ಸಾಲಿನ ಪರೀಕ್ಷಾ ಸೆಷನ್ ಇಟ್ಟುಕೊಂಡು, ಕಸ್ಟಮ್ ರಿಸೋರ್ಸ್ (ನೋಡ್‌ಗೆ ನಾವೇ ಕೊಡುವ ಗುರುತು) ಮೂಲಕ ಒಂದೊಂದು ನೋಡ್‌ಗೂ ಬೇರೆಬೇರೆಯಾಗಿ ಕಳಿಸಿ, ಬಂದ ಅಕ್ಷರಗಳನ್ನು ಕಣ್ಣಾರೆ ನೋಡಿ.