ಕಾಗೆ ಕೂತ ಕೊಂಬೆಗಳು: ಚರಿತ್ರೆಯ ದಿನಗಳ ಮೇಜಿನ ಕ್ಯಾಲೆಂಡರಿನೊಡನೆ ಒಂದು ವರ್ಷ

ದಿನಕ್ಕೊಂದು ಹಾಳೆ ಹರಿಯುವ ಮೇಜಿನ ಕ್ಯಾಲೆಂಡರುಗಳಲ್ಲಿ ಸಾಮಾನ್ಯವಾಗಿ ಸುಭಾಷಿತವಿರುತ್ತದೆ, ಇಲ್ಲವೇ ನಗೆಹನಿಯಿರುತ್ತದೆ. ಅವುಗಳ ಜಾಗದಲ್ಲಿ ಚರಿತ್ರೆಯನ್ನು ಅಚ್ಚು ಹಾಕಿದ ಕ್ಯಾಲೆಂಡರೊಂದನ್ನು ಕಳೆದ ವರ್ಷ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಒಂದು ದಿನವೂ ತಪ್ಪಿಸದೆ ಓದಿ ಮುಗಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪ್ರಕಾಶಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಎತ್ತಿ ತೋರಿಸಿರುವ ದೋಷಗಳು ಅವರೊಬ್ಬರವೇ ಅಲ್ಲ; ‘ಚರಿತ್ರೆಯಲ್ಲಿ ಈ ದಿನ’ ಎಂಬ ತಲೆಬರಹ ಹೊತ್ತ ಆ್ಯಪ್‌ಗಳಲ್ಲಿಯೂ ಪತ್ರಿಕೆಯ ಮೂಲೆಗಳಲ್ಲಿಯೂ ಇವೇ ದೋಷಗಳು ಕಾಣುತ್ತವೆ.

ವಿನ್ಯಾಸ ಸರಳವಾಗಿದೆ. ಹಾಳೆಯ ಮೇಲ್ತುದಿಯಲ್ಲಿ ದೊಡ್ಡ ಅಂಕಿಯಲ್ಲಿ ತಾರೀಖು, ಅದರ ಕೆಳಗೆ ತಿಂಗಳು, ಆಮೇಲೆ ಘಟನೆಗಳು, ಜನನ, ನಿಧನ ಎಂಬ ಮೂರು ವಿಭಾಗಗಳು. ವಾರದ ಹೆಸರನ್ನು ಹಾಕಿಲ್ಲವಾದ್ದರಿಂದ ಯಾವ ವರ್ಷಕ್ಕಾದರೂ ಹೊಂದುತ್ತದೆ. ಫೆಬ್ರವರಿ 29ಕ್ಕೂ ಹಾಳೆಯಿದ್ದು, ಒಟ್ಟು 366 ಹಾಳೆಗಳಾಗುತ್ತವೆ. ಕಳೆದದ್ದು ಅಧಿಕ ವರ್ಷವಲ್ಲದ್ದರಿಂದ 28ರಂದೇ ಎರಡು ಹಾಳೆಗಳನ್ನು ಓದಬೇಕಾಯಿತು. ಇಡೀ ಕ್ಯಾಲೆಂಡರಿನಲ್ಲಿ ಅತ್ಯಂತ ಜಾಗರೂಕತೆಯಿಂದ ಬರೆದ ಹಾಳೆ ಆ 29ರದ್ದೇ ಎಂಬುದು ಸೋಜಿಗ. ಮೊರಾರ್ಜಿ ದೇಸಾಯಿಯವರು 1896ರ ಫೆಬ್ರವರಿ 29ರಂದು ಹುಟ್ಟಿದರೆಂದು ಹೇಳಿ ಅಲ್ಲಿಗೇ ನಿಲ್ಲಿಸದೆ, 400ರಿಂದ ಭಾಗವಾಗದ ಶತಮಾನದ ವರ್ಷಗಳು ಅಧಿಕ ವರ್ಷಗಳಲ್ಲ, ಆದ್ದರಿಂದ 1900ರಲ್ಲಿ ಆ ತಾರೀಖು ಬರಲಿಲ್ಲ, ಅವರ ಪಾಲಿಗೆ ಅದು ಮತ್ತೆ ಬಂದದ್ದು 1904ರಲ್ಲಿ, ಅವರಿಗೆ ಎಂಟು ತುಂಬಿದಾಗ ಎಂದು ಎರಡೇ ಸಾಲಿನಲ್ಲಿ ವಿವರಿಸಿದ್ದಾರೆ. ಜುಲೈ 4ರ ಹಾಳೆಯೂ ಇದೇ ಮಟ್ಟದ್ದು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ 1826ರ ಆ ದಿನವೇ ಆ ದೇಶದ ಮಾಜಿ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಮತ್ತು ಜಾನ್ ಆಡಮ್ಸ್ ಇಬ್ಬರೂ ತೀರಿಕೊಂಡದ್ದನ್ನು, ಜೆಫರ್ಸನ್ ಮಧ್ಯಾಹ್ನವೇ ಹೋದದ್ದು ಸಂಜೆ ಕಣ್ಣುಮುಚ್ಚಿದ ಆಡಮ್ಸ್‌ಗೆ ಗೊತ್ತಿರಲಿಲ್ಲವೆಂಬುದನ್ನು ಹಾಳೆ ಸಂಯಮದಿಂದ ಹೇಳುತ್ತದೆ.

ಈ ಎಚ್ಚರ ಉಳಿದ ಹಾಳೆಗಳಲ್ಲಿ ಉಳಿದಿಲ್ಲ. ಒಂದೇ ತಾರೀಖಿನಲ್ಲಿ ಎರಡು ಸಂಗತಿಗಳು ಕೂಡಿಬಂದಾಗಲೆಲ್ಲ ಕೆಳಗೆ ‘ಎಂಥ ಕಾಕತಾಳೀಯ!’ ಎಂದು ಓರೆ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಾವು ಹೇಳುವುದು ಎರಡರ ನಡುವೆ ಸಂಬಂಧವೇ ಇಲ್ಲದಿದ್ದಾಗ. ತಾರೀಖುಗಳ ವಿಷಯದಲ್ಲಿ ಎಷ್ಟೋ ಸಲ ಕಾಗೆ ಕೊಂಬೆಯನ್ನು ಆರಿಸಿಯೇ ಕೂತಿರುತ್ತದೆ, ಇನ್ನು ಕೆಲವೆಡೆ ಕಾಗೆಯೂ ಕೊಂಬೆಯೂ ಬೇರೆ ಬೇರೆ ಮರದವಾಗಿರುತ್ತವೆ. ಈ ಭೇದವನ್ನು ತೋರಿಸದಿರುವುದೇ ಈ ಕ್ಯಾಲೆಂಡರಿನ ಮೇಲೆ ನನಗಿರುವ ಮುಖ್ಯ ಆಕ್ಷೇಪ.

ನವೆಂಬರ್ 9ರ ಹಾಳೆಯನ್ನೇ ತೆಗೆದುಕೊಳ್ಳಬಹುದು. ಘಟನೆಗಳ ವಿಭಾಗದಲ್ಲಿ ಜರ್ಮನಿಗೆ ಸೇರಿದ ನಾಲ್ಕು ಸಾಲುಗಳಿವೆ: 1918ರಲ್ಲಿ ಗಣರಾಜ್ಯದ ಘೋಷಣೆ, 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರನ ದಂಗೆ ಮುರಿದುಬಿದ್ದದ್ದು, 1938ರಲ್ಲಿ ಯೆಹೂದಿಗಳ ಅಂಗಡಿ, ಮನೆ, ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿ, 1989ರಲ್ಲಿ ಬರ್ಲಿನ್ ಗೋಡೆ ತೆರೆದದ್ದು. ನಾಲ್ಕಕ್ಕೂ ಒಂದೇ ಗಾತ್ರದ ಕಪ್ಪು ಚುಕ್ಕೆ, ಕೆಳಗೆ ಯಥಾಪ್ರಕಾರ ಓರೆ ಅಕ್ಷರದ ಉದ್ಗಾರ. ಆದರೆ 1938ರ ಆ ಸಂಜೆ ನಾಜಿ ಮುಖಂಡರು ಮ್ಯೂನಿಕ್‌ನಲ್ಲಿ ಸೇರಿದ್ದೇ 1923ರ ದಂಗೆಯ ವಾರ್ಷಿಕ ಸ್ಮರಣೆಗಾಗಿ. ಪ್ಯಾರಿಸ್‌ನಲ್ಲಿ ಎರಡು ದಿನ ಹಿಂದೆ ಗುಂಡೇಟು ತಿಂದಿದ್ದ ಜರ್ಮನ್ ರಾಜತಾಂತ್ರಿಕ ಸತ್ತ ಸುದ್ದಿ ಅಲ್ಲಿಗೆ ಬಂದಾಗ ಪ್ರಚಾರ ಮಂತ್ರಿ ಗೋಬೆಲ್ಸ್ ಮಾಡಿದ ಭಾಷಣದಿಂದಲೇ ದಾಳಿಗೆ ಚಾಲನೆ ದೊರೆಯಿತು. ಪಕ್ಷದ ಮುಖಂಡರೆಲ್ಲ ಒಂದೇ ಸಭಾಂಗಣದಲ್ಲಿ ಸಿಕ್ಕಿದ್ದು ತಾರೀಖಿನ ದೆಸೆಯಿಂದ. 1923ರ ನವೆಂಬರ್ 9, 1938ರದ್ದಕ್ಕೆ ವೇದಿಕೆ ಹಾಕಿಕೊಟ್ಟಿತ್ತು. 1989ರದ್ದು ಇದಕ್ಕೆ ತದ್ವಿರುದ್ಧ. ಪೂರ್ವ ಜರ್ಮನಿಯ ಹೊಸ ಪ್ರಯಾಣ ನಿಯಮ ಮರುದಿನದಿಂದ ಜಾರಿಗೆ ಬರಬೇಕಿತ್ತು. ಪತ್ರಿಕಾಗೋಷ್ಠಿಯಲ್ಲಿ ಕೂತಿದ್ದ ಆಡಳಿತ ಪಕ್ಷದ ವಕ್ತಾರ ಗ್ಯುಂಟರ್ ಶಾಬೋವ್‌ಸ್ಕಿಯವರನ್ನು ‘ಎಂದಿನಿಂದ?’ ಎಂದು ಕೇಳಿದಾಗ ಅವರು ಕೈಯಲ್ಲಿದ್ದ ಕಾಗದಗಳನ್ನು ತಿರುವಿಹಾಕಿ, ತನಗೆ ತಿಳಿದ ಮಟ್ಟಿಗೆ ಈಗಿನಿಂದಲೇ ಎಂಬರ್ಥದ ಉತ್ತರ ಕೊಟ್ಟರು, ಅದನ್ನು ಕೇಳಿದ ಜನ ಅದೇ ರಾತ್ರಿ ಗಡಿದ್ವಾರಗಳಿಗೆ ನುಗ್ಗಿದರು. ಕಾಗೆ ತಾನಾಗಿ ಬಂದು ಕೂತದ್ದು ಇಲ್ಲಿ ಮಾತ್ರ. ಮುಂದೆ ರಾಷ್ಟ್ರೀಯ ದಿನದ ಪ್ರಶ್ನೆ ಬಂದಾಗ ಜರ್ಮನಿ, ಎರಡು ದೇಶಗಳು 1990ರಲ್ಲಿ ಒಂದಾದ ಅಕ್ಟೋಬರ್ 3ನ್ನು ಇಟ್ಟುಕೊಂಡಿತು. ನವೆಂಬರ್ 9 ಸಂಭ್ರಮಕ್ಕೆ ಒದಗದಿರುವುದಕ್ಕೆ 1938ರ ನೆನಪು ದೊಡ್ಡ ಕಾರಣ. ಇಷ್ಟನ್ನು ಹೇಳಲು ಹಾಳೆಯ ಮೇಲೆ ಜಾಗವಿರಲಿಲ್ಲವೆಂದು ನಾನು ಒಪ್ಪಲಾರೆ. ಕೆಳಗಿನ ಕಾಲುಭಾಗದಲ್ಲಿ ಹೂಬಳ್ಳಿಯ ಚಿತ್ರವಿದೆ.

ಅಂದ ಹಾಗೆ, ಅದೇ ಹಾಳೆಯ ಜನನ ವಿಭಾಗದಲ್ಲಿ 1934ರಲ್ಲಿ ಹುಟ್ಟಿದ ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಇದ್ದಾರೆ, 1954ರಲ್ಲಿ ಹುಟ್ಟಿದ ಶಂಕರ್‌ನಾಗ್ ಇಲ್ಲ. ಕನ್ನಡದಲ್ಲಿಯೇ ಅಚ್ಚಾದ ಕ್ಯಾಲೆಂಡರಿನಲ್ಲಿ ಇದು ಕ್ಷಮಿಸುವಂಥ ಮರೆವಲ್ಲ.

ಬೇಕೆಂದೇ ಆರಿಸಿಕೊಂಡ ತಾರೀಖುಗಳು ಬೇರೆ ಹಾಳೆಗಳಲ್ಲಿಯೂ ಹೀಗೆಯೇ ಮೂಕವಾಗಿವೆ. ಭಾರತದ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂದದ್ದು, 1930ರ ಅದೇ ದಿನ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಕೈಗೊಂಡದ್ದರ ನೆನಪಿಗಾಗಿ. ಹಾಳೆಯಲ್ಲಿ 1950 ಇದೆ, 1930 ಇಲ್ಲ. ಆಗಸ್ಟ್ 15ರ ಹಾಳೆಯಲ್ಲಿ 1945ರ ಜಪಾನಿನ ಶರಣಾಗತಿ ಮತ್ತು 1947ರ ಭಾರತದ ಸ್ವಾತಂತ್ರ್ಯ ಒಂದರ ಕೆಳಗೊಂದು ಇದ್ದರೂ, ಮೌಂಟ್‌ಬ್ಯಾಟನ್ ಆ ತಾರೀಖನ್ನು ಹಿಡಿದದ್ದೇ ಶರಣಾಗತಿಯ ಎರಡನೆಯ ವಾರ್ಷಿಕೋತ್ಸವವೆಂದು ಎಂಬ ಕೊಂಡಿಯನ್ನು ಹಾಕಿಲ್ಲ. ಏಪ್ರಿಲ್ 12ರಲ್ಲಿ ಆಗಿರುವುದು ಇದರ ತಿರುವುಮುರುವು. 1961ರಲ್ಲಿ ಗಗಾರಿನ್ ಅಂತರಿಕ್ಷಕ್ಕೆ ಹೋದ ದಿನದ ಗೌರವಾರ್ಥವಾಗಿಯೇ 1981ರಲ್ಲಿ ಅಮೆರಿಕದ ಮೊದಲ ಸ್ಪೇಸ್ ಷಟಲ್ (ಮತ್ತೆ ಮತ್ತೆ ಬಳಸಬಹುದಾದ ಅಂತರಿಕ್ಷ ನೌಕೆ) ಕೊಲಂಬಿಯಾ ಹಾರಿತೆಂಬ ಧ್ವನಿ ಅಲ್ಲಿದೆ. ಕೊಲಂಬಿಯಾ ಹಾರಬೇಕಿದ್ದದ್ದು ಏಪ್ರಿಲ್ 10ರಂದು, ಕಂಪ್ಯೂಟರುಗಳ ನಡುವೆ ಹೊಂದಾಣಿಕೆ ತಪ್ಪಿದ್ದರಿಂದ ಎರಡು ದಿನ ತಡವಾಯಿತು. ನಿಜವಾದ ಕಾಕತಾಳೀಯ ಕೈಗೆ ಸಿಕ್ಕಾಗ ಅದನ್ನು ಸಂಪಾದಕರು ಉದ್ದೇಶವೆಂದು ಓದಿಬಿಟ್ಟಿದ್ದಾರೆ.

ಮೂರನೆಯ ಬಗೆಯ ತಪ್ಪು ಪಂಚಾಂಗದ್ದು. ಪೋಪ್ 13ನೆಯ ಗ್ರೆಗರಿಯ ಸುಧಾರಣೆಯ ಪ್ರಕಾರ 1582ರಲ್ಲಿ ಅಕ್ಟೋಬರ್ 4ರ ಮರುದಿನ 15 ಬಂತು. ಇಟಲಿ, ಸ್ಪೇನ್‌ಗಳು ಕೂಡಲೇ ಒಪ್ಪಿದವು, ಇಂಗ್ಲೆಂಡ್ 1752ರವರೆಗೂ ರಷ್ಯಾ 1918ರವರೆಗೂ ಹಳೆಯ ಜೂಲಿಯನ್ ಎಣಿಕೆಯಲ್ಲಿಯೇ ಇದ್ದವು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಳೆಯ ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಕೂರಿಸುವಂತಿಲ್ಲ. ಏಪ್ರಿಲ್ 23ರ ಹಾಳೆ 1616ರಲ್ಲಿ ಷೇಕ್ಸ್‌ಪಿಯರ್ ಮತ್ತು ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಒಂದೇ ದಿನ ನಿಧನರಾದರೆಂದು ಘೋಷಿಸುತ್ತದೆ. ಸರ್ವಾಂಟಿಸ್ ತೀರಿಕೊಂಡದ್ದು 22ರಂದು, 23 ಸಮಾಧಿಯಾದ ದಿನ. ಅದೂ ಸ್ಪೇನಿನ ಹೊಸ ಎಣಿಕೆಯಲ್ಲಿ. ಷೇಕ್ಸ್‌ಪಿಯರ್ ತೀರಿಕೊಂಡ ದಿನ ಸ್ಪೇನಿನಲ್ಲಿ ಮೇ 3 ಆಗಿತ್ತು. ಜನವರಿ 8ರ ಹಾಳೆಯಲ್ಲಿ ‘ಗೆಲಿಲಿಯೋ ಅಳಿದ ವರ್ಷವೇ ನ್ಯೂಟನ್ ಉದಯಿಸಿದ’ ಎಂಬ ಕಾವ್ಯಮಯ ಸಾಲಿದೆ. ಗೆಲಿಲಿಯೋ ತೀರಿಕೊಂಡ 1642 ಇಟಲಿಯ ಎಣಿಕೆಯದು, ನ್ಯೂಟನ್ ಹುಟ್ಟಿದ 1642ರ ಡಿಸೆಂಬರ್ 25 ಇಂಗ್ಲೆಂಡಿನದು. ಗೆಲಿಲಿಯೋನ ಎಣಿಕೆಯಲ್ಲಿ ಅದು 1643ರ ಜನವರಿ 4. ಅದೇ ಹಾಳೆಯಲ್ಲಿರುವ ಸ್ಟೀಫನ್ ಹಾಕಿಂಗ್ ಮಾತ್ರ ಗೆಲಿಲಿಯೋ ತೀರಿಕೊಂಡು ಸರಿಯಾಗಿ 300 ವರ್ಷಕ್ಕೆ, 1942ರಲ್ಲಿ ಹುಟ್ಟಿದ್ದು ಅಪ್ಪಟ ನಿಜ. ನಗು ಬರಿಸುವ ಸಂಗತಿಯೆಂದರೆ ನ್ಯೂಟನ್ ಈ ಕ್ಯಾಲೆಂಡರಿನಲ್ಲಿ ಜನವರಿ 4ರಂದೂ ಡಿಸೆಂಬರ್ 25ರಂದೂ ಎರಡು ಸಲ ಹುಟ್ಟಿದ್ದಾನೆ. ಬೇರೆ ಬೇರೆ ಆಕರಗಳಿಂದ ಎತ್ತಿಕೊಂಡ ಎರಡು ಹೆಸರುಗಳನ್ನು ಒಬ್ಬನದೇ ಎಂದು ಯಾರೂ ತಾಳೆ ನೋಡಿಲ್ಲ. ನವೆಂಬರ್ 7ರ ಹಾಳೆಯಲ್ಲಿ ರಷ್ಯಾದ ‘ಅಕ್ಟೋಬರ್ ಕ್ರಾಂತಿ’ ಇದೆ. ಅಕ್ಟೋಬರಿನ ಕ್ರಾಂತಿ ನವೆಂಬರಿಗೆ ಬಂದದ್ದೇಕೆಂದು ಶಾಲಾ ಮಕ್ಕಳು ಕೇಳಿದರೆ ಉತ್ತರ ಹಾಳೆಯಲ್ಲಿಲ್ಲ. ಮೇರಿ ಕ್ಯೂರಿ ಮತ್ತು ಸಿ. ವಿ. ರಾಮನ್ ಇಬ್ಬರೂ ಆ ದಿನದವರು, ಕ್ರಮವಾಗಿ 1867 ಮತ್ತು 1888ರವರು ಎಂಬುದನ್ನು ಮಾತ್ರ ಚೆನ್ನಾಗಿ ಬಿಡಿಸಿದ್ದಾರೆ.

ಹುಟ್ಟಿದ ದಿನ ಖಚಿತವಿಲ್ಲದವರ ಬಗ್ಗೆಯೂ ಒಂದು ಗುರುತಿನ ಚಿಹ್ನೆ ಇರಬೇಕಿತ್ತು. ಬೀಥೋವನ್ 1770ರ ಡಿಸೆಂಬರ್ 17ರಂದು ದೀಕ್ಷಾಸ್ನಾನ ಪಡೆದ ದಾಖಲೆಯಿದೆ, ಹುಟ್ಟಿದ್ದು 16 ಎಂಬುದು ಅದರ ಮೇಲಿನ ಊಹೆ. ಹಾಗೆಯೇ ತಾರೀಖು ಗಡಿಯಾರವನ್ನೂ ಅವಲಂಬಿಸಿದೆ: ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟದ್ದು ಅಮೆರಿಕದಲ್ಲಿ 1969ರ ಜುಲೈ 20ರ ರಾತ್ರಿ, ಗ್ರೀನಿಚ್ ಎಣಿಕೆಯಲ್ಲಿ 21ರ ಬೆಳಗಿನ ಜಾವ.

ಜನ್ಮದಿನಗಳ ಕೂಡಿಕೆಯ ಬಗ್ಗೆ ಸಂಪಾದಕರ ಬೆರಗು ಕೊಂಚ ಅತಿಯಾಗಿದೆ. ಲಿಂಕನ್ ಮತ್ತು ಡಾರ್ವಿನ್ ಇಬ್ಬರೂ 1809ರ ಫೆಬ್ರವರಿ 12ರಂದು, ಒಂದೇ ವರ್ಷದ ಒಂದೇ ದಿನ ಹುಟ್ಟಿದರೆಂಬುದು ಬೆರಗಿಗೆ ಯೋಗ್ಯ. ಬೇರೆ ಬೇರೆ ಶತಮಾನದ ಇಬ್ಬರು ನಟರು ಒಂದೇ ತಾರೀಖಿನವರೆಂಬುದಕ್ಕೆ ಉದ್ಗಾರ ಚಿಹ್ನೆ ಬೇಡ. ಯಾವುದೇ 23 ಜನರ ಗುಂಪಿನಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು, 57 ಜನರಿದ್ದರೆ ನೂರಕ್ಕೆ 99. ಹೀಗಿರುವಾಗ ನೂರಾರು ಹೆಸರುಗಳನ್ನು 366 ಹಾಳೆಗಳಿಗೆ ಹಂಚಿದ ಮೇಲೆ ಕೂಡಿಕೆ ಆಗದಿದ್ದರೆ ಅದೇ ವಿಸ್ಮಯ.

ಭಾಷೆ ಒಟ್ಟಾರೆ ಚೊಕ್ಕವಾಗಿದೆ, ಒಂದು ಪದದ ಹೊರತು. ನಿಧನ ವಿಭಾಗದಲ್ಲಿ ಅಲ್ಲಲ್ಲಿ ‘ಪುಣ್ಯತಿಥಿ’ ಎಂದು ಬರುತ್ತದೆ. ತಾರೀಖು ಬೇರೆ, ತಿಥಿ ಬೇರೆ. ಚಂದ್ರನ ಲೆಕ್ಕದ ಪದವನ್ನು ಪೋಪ್ ಗ್ರೆಗರಿಯ ಲೆಕ್ಕಕ್ಕೆ ಅಂಟಿಸುವ ಬದಲು ‘ಸ್ಮರಣೆಯ ದಿನ’ ಎಂದಿದ್ದರೆ ಸಾಕಿತ್ತು.

ಕಾಗದ ದಪ್ಪವಾಗಿದೆ, ಮಸಿ ಹಿಂಬದಿಗೆ ಮೂಡುವುದಿಲ್ಲ, ಮೇಜಿನ ಮೇಲೆ ನಿಲ್ಲಿಸುವ ಆಧಾರ ಗಟ್ಟಿಯಾಗಿದೆ. ಅಂಟು ಮಾತ್ರ ಬಲವಿಲ್ಲದ್ದು. ಜೂನ್ ಹೊತ್ತಿಗೆ ಒಂದು ಹಾಳೆ ಎಳೆದರೆ ಮೂರು ಬರತೊಡಗಿದವು. ಇದಕ್ಕಿಂತ ದೊಡ್ಡ ಕೊರತೆ ಕಲ್ಪನೆಯಲ್ಲಿಯೇ ಇದೆ. ಯಾವ ವರ್ಷಕ್ಕಾದರೂ ಸಲ್ಲಲಿ ಎಂದು ವಾರದ ಹೆಸರನ್ನು ಬಿಟ್ಟವರು ಹಾಳೆಯನ್ನು ಹರಿದು ಎಸೆಯುವಂತೆ ಮಾಡಿದ್ದೇಕೆ? ತಂತಿಯ ಸುರುಳಿ ಹಾಕಿ ಮಗುಚುವಂತೆ ಮಾಡಿದ್ದರೆ ಎಷ್ಟು ವರ್ಷ ಬೇಕಾದರೂ ಬಾಳಿಕೆ ಬರುತ್ತಿತ್ತು. ನಾನು ಉದುರಿದ ಹಾಳೆಗಳನ್ನೆಲ್ಲ ಜೋಡಿಸಿ, ಮೂಲೆಗೆ ತೂತು ಕೊರೆದು, ದಾರದಲ್ಲಿ ಪೋಣಿಸಿಟ್ಟುಕೊಂಡಿದ್ದೇನೆ. ತಪ್ಪುಗಳನ್ನು ಸೀಸದ ಕಡ್ಡಿಯಿಂದ ಅಂಚಿನಲ್ಲಿ ತಿದ್ದಿದ್ದೇನೆ. ದಾರ ಬಳೆಯಂತೆ ಸುತ್ತಿ ಬಂದಿರುವುದರಿಂದ ಡಿಸೆಂಬರ್ 31ರ ಬೆನ್ನಿಗೇ ಜನವರಿ 1 ತಾಗಿಕೊಂಡಿದೆ. ನ್ಯೂಟನ್ ಈಗ ಡಿಸೆಂಬರ್ 25ರಂದು ಹುಟ್ಟಿ, ಹತ್ತು ಹಾಳೆ ಮಗುಚುವಷ್ಟರಲ್ಲಿ ಮತ್ತೊಮ್ಮೆ ಹುಟ್ಟುತ್ತಾನೆ.