ಕಲಬುರಗಿಯಿಂದ ಈಜು ಸೀಸನ್ ಹಿಂಬಾಲಿಸುವವರಿಗೆ: ರಿಸಲ್ಟ್ ಪಿಡಿಎಫ್ ಎಷ್ಟು ಉಪಯೋಗ?

ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಈಜು ಮೀಟ್ ನಡೆದ ದಿನ ಸಂಜೆ ಕಲಬುರಗಿಯ ಫೋನುಗಳಲ್ಲಿ ಓಡಾಡುವ ಪ್ರಶ್ನೆ ಒಂದೇ: "ಎಷ್ಟನೇ ನಂಬರ್ ಬಂತ್ರಿ?" ಹದಿನಾಲ್ಕನೇ ನಂಬರ್ ಅಂದರೆ ಅಲ್ಲಿಗೆ ಮಾತು ಮುಗೀತು. ಅದೇ ಹುಡುಗಿ ಹೋದ ವರ್ಷಕ್ಕಿಂತ ಮೂರು ಸೆಕೆಂಡು ಇಳಿಸಿದ್ದಾಳೆ ಅನ್ನುವುದು ಯಾರ ಕಿವಿಗೂ ಬೀಳುವುದಿಲ್ಲ. ಪಕ್ಕದ ಲೇನಿನಲ್ಲಿ ಯಾರಿರುತ್ತಾರೆ ಅನ್ನುವುದು ಈಜುವವರ ಕೈಯಲ್ಲಿಲ್ಲ. ಟೈಮಿಂಗ್ ಮಾತ್ರ ಅವರದೇ. ಆ ಟೈಮಿಂಗ್ ಪೂರ್ತಿಯಾಗಿ ಸಿಗುವ ಜಾಗ ಮೀಟ್‌ನ ರಿಸಲ್ಟ್ ಪಿಡಿಎಫ್. ದುಡ್ಡು ಕೊಡಬೇಕಿಲ್ಲ, ಸುಮಾರು 600 ಕಿಲೋಮೀಟರ್ ದೂರದಿಂದಲೂ ಓದಬಹುದು. ಓದಲು ಗೊತ್ತಿದ್ದವರಿಗೆ ಇದು ಐದಕ್ಕೆ ನಾಲ್ಕು ಅಂಕದ ಸರಕು. ಗೊತ್ತಿಲ್ಲದವರಿಗೆ ಒಂದೂವರೆ.

ನಮ್ಮಲ್ಲಿ ದೊಡ್ಡ ಮೀಟ್‌ಗಳ ರಿಸಲ್ಟ್ ಹೆಚ್ಚಾಗಿ ಹೈ-ಟೆಕ್ ಮೀಟ್ ಮ್ಯಾನೇಜರ್ ಎಂಬ ತಂತ್ರಾಂಶದಿಂದ ಹೊರಬರುತ್ತದೆ. ಪುಟದ ರೂಪ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ಹಾಗಾಗಿ ಒಂದು ಸಲ ಕಲಿತರೆ ಜಿಲ್ಲೆಯಿಂದ ರಾಷ್ಟ್ರಮಟ್ಟದವರೆಗೆ ಸಾಕು. ಹೆಸರು, ವಯಸ್ಸು, ತಂಡ, ಸೀಡ್ ಟೈಮ್, ಫೈನಲ್ ಟೈಮ್, ಕೊನೆಗೆ ಪಾಯಿಂಟ್ಸ್. ರಾಜ್ಯ ಮೀಟ್‌ನಲ್ಲಿ ತಂಡದ ಜಾಗದಲ್ಲಿ ಕ್ಲಬ್ಬಿನ ಹೆಸರು ಇರುತ್ತದೆ, ರಾಷ್ಟ್ರೀಯ ಮೀಟ್‌ನಲ್ಲಿ ರಾಜ್ಯದ ಹೆಸರು. ಸೀಡ್ ಟೈಮ್ ಅಂದರೆ ಎಂಟ್ರಿ ಕೊಡುವಾಗ ಬರೆದ ಟೈಮ್. ಅದನ್ನೇ ಆವತ್ತಿನ ಟೈಮ್ ಅಂದುಕೊಂಡು ಗ್ರೂಪಿಗೆ ಅಭಿನಂದನೆ ಹಾಕಿಬಿಡುವುದು ಎಲ್ಲರೂ ಮಾಡುವ ಮೊದಲ ತಪ್ಪು. ಎನ್‌ಟಿ ಅಂತಿದ್ದರೆ ಎಂಟ್ರಿಯಲ್ಲಿ ಟೈಮೇ ಕೊಟ್ಟಿಲ್ಲ ಎಂದರ್ಥ. ಅಂಥವರು ಎಲ್ಲಕ್ಕಿಂತ ನಿಧಾನದ ಹೀಟ್‌ಗೆ, ಅಂದರೆ ಒಟ್ಟಿಗೆ ಈಜುವ ಗುಂಪಿಗೆ, ಬೀಳುತ್ತಾರೆ. ಎನ್‌ಎಸ್ ಅಂದರೆ ಬಂದಿಲ್ಲ, ಡಿಕ್ಯೂ ಅಂದರೆ ಅನರ್ಹ, ಟೈಮಿನ ಪಕ್ಕದ ಸಣ್ಣ ಕ್ಯೂ ಅಂದರೆ ಫೈನಲ್‌ಗೆ ಹೋದರು. ಡಿಕ್ಯೂ ಆದವರ ಮುಂದೆ ಕೆಲವೊಮ್ಮೆ ಟೈಮ್ ಕೂಡ ಅಚ್ಚಾಗಿರುತ್ತದೆ. ಅದನ್ನು ಬೆಸ್ಟ್ ಟೈಮ್ ಅಂತ ಡೈರಿಗೆ ಏರಿಸಬೇಡಿ. ಎರಡೂ ಕೈ ತಾಗಿಸಬೇಕಾದ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಒಂದೇ ಕೈ ತಾಗಿಸಿ ತಿರುಗಿದವರ ಟೈಮ್ ಚೆನ್ನಾಗಿಯೇ ಇರುತ್ತದೆ, ಕಾರಣವೂ ಅದೇ.

ಪಿಡಿಎಫ್‌ನ ಅಸಲಿ ಬೆಲೆ ಹೆಸರಿನ ಕೆಳಗಿನ ಸಣ್ಣ ಸಾಲಿನಲ್ಲಿದೆ, ಅಂದರೆ ಸ್ಪ್ಲಿಟ್‌ನಲ್ಲಿ (ನಡುವಿನ ಒಂದೊಂದು ಹಂತದ ಟೈಮ್). ಒಬ್ಬ ಹುಡುಗಿಯ 100 ಮೀಟರ್ ಫ್ರೀಸ್ಟೈಲ್ ಹೀಗೆ ಅಚ್ಚಾಗಿದೆ ಅಂದುಕೊಳ್ಳಿ: 33.10, ಅದರ ಪಕ್ಕ 1:12.40, ಅದರ ಪಕ್ಕ ಕಂಸದಲ್ಲಿ 39.30. ಮೊದಲನೆಯದು 50 ಮೀಟರ್ ಮುಟ್ಟಿದಾಗಿನ ಟೈಮ್, ಎರಡನೆಯದು ಒಟ್ಟು, ಕಂಸದಲ್ಲಿರುವುದು ಎರಡನೇ 50ಕ್ಕೆ ಹಿಡಿದದ್ದು. ಎರಡರ ನಡುವೆ 6.20 ಸೆಕೆಂಡಿನ ಅಂತರ. ಇದು ಹೆಚ್ಚೋ ಕಡಿಮೆಯೋ ಎನ್ನಲು ಒಂದು ಅಳತೆಗೋಲು ಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್ಲೆ 46.40ರಲ್ಲಿ ವಿಶ್ವದಾಖಲೆ ಮಾಡಿದಾಗ ಮೊದಲ 50 ಮೀಟರ್ 22.28, ಎರಡನೆಯದು 24.12. ಅಂತರ 1.84. ಮೊದಲ ಅರ್ಧಕ್ಕೆ ಬ್ಲಾಕ್‌ನಿಂದ ಹಾರಿದ ಲಾಭ ಇರುವುದರಿಂದ ಎರಡನೆಯದು ನಿಧಾನವಾಗುವುದು ಸಹಜ. ಮಕ್ಕಳಲ್ಲಿ ಮೂರು, ಮೂರೂವರೆ ಸೆಕೆಂಡಿನ ಅಂತರಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಆರು ದಾಟಿತೆಂದರೆ ಹುಡುಗಿ ಮೊದಲ ಅರ್ಧದಲ್ಲೇ ಇದ್ದಬದ್ದ ಶಕ್ತಿ ಸುರಿದಿದ್ದಾಳೆ, ಇಲ್ಲವೇ ಗೋಡೆಯಲ್ಲಿ ತಿರುಗುವ ಟರ್ನ್ ಕೆಟ್ಟಿದೆ. ಯಾವುದು ಅಂತ ಪಿಡಿಎಫ್ ಹೇಳುವುದಿಲ್ಲ. ಅದಕ್ಕೆ ವಿಡಿಯೋ ಬೇಕು, ಅದರ ಮಾತು ಮುಂದೆ.

ಒಬ್ಬರೇ ನಾಲ್ಕೂ ಸ್ಟ್ರೋಕ್ ಈಜುವ 200 ಐಎಂನಲ್ಲಿ (ಇಂಡಿವಿಜುವಲ್ ಮೆಡ್ಲೆ) ಈ ಸಾಲು ಇನ್ನೂ ರುಚಿ. ನಾಲ್ಕು ಸ್ಪ್ಲಿಟ್ ಅಂದರೆ ಬಟರ್‌ಫ್ಲೈ, ಬ್ಯಾಕ್, ಬ್ರೆಸ್ಟ್, ಫ್ರೀ ಒಂದೊಂದಕ್ಕೂ ಬಿಡಿ ಲೆಕ್ಕ. ಎರಡು ಮೀಟ್‌ಗಳ ಸಾಲನ್ನು ಒಂದರ ಕೆಳಗೊಂದು ಬರೆದರೆ ಟೈಮ್ ಇಳಿದದ್ದು ಯಾವ ಸ್ಟ್ರೋಕ್‌ನಲ್ಲಿ ಎಂದು ಕಣ್ಣಿಗೇ ಕಾಣುತ್ತದೆ.

ಸ್ಪ್ಲಿಟ್ ಯಾವಾಗಲೂ ನಂಬಿಕಸ್ತವಲ್ಲ. ಮುಟ್ಟಿದ ಕೂಡಲೇ ಟೈಮ್ ದಾಖಲಿಸುವ ಗೋಡೆಯ ಫಲಕ, ಅಂದರೆ ಟಚ್‌ಪ್ಯಾಡ್, ಕೊಳದ ಒಂದೇ ತುದಿಗಿದ್ದರೆ 50 ಮೀಟರ್ ಕೊಳದಲ್ಲಿ 50ರ ಸ್ಪ್ಲಿಟ್ ಬರುವುದೇ ಇಲ್ಲ, ನೇರವಾಗಿ 100ಕ್ಕೆ ಬರುತ್ತದೆ. ಪ್ಯಾಡ್ ಇದ್ದೂ ಟರ್ನ್‌ನಲ್ಲಿ ಕಾಲು ಸರಿಯಾಗಿ ಒತ್ತದಿದ್ದರೆ ಒಂದು ಲ್ಯಾಪ್ ಕಾಣೆಯಾಗಿ ಎರಡು ಲ್ಯಾಪಿನ ಟೈಮ್ ಒಂದರಲ್ಲೇ ಕೂತಿರುತ್ತದೆ. 400 ಮೀಟರ್ ಓದುವಾಗ ನಡುವೆ ಎಲ್ಲೋ ಒಂದು 50ಕ್ಕೆ 1:18 ಕಂಡರೆ ಗಾಬರಿ ಬೇಡ, ಹುಡುಗ ಮುಳುಗಿಲ್ಲ, ಪ್ಯಾಡ್ ತಪ್ಪಿಸಿಕೊಂಡಿದೆ ಅಷ್ಟೇ.

ಪ್ಯಾಡ್ ಇಲ್ಲದ ಜಿಲ್ಲಾ ಮತ್ತು ವಿಭಾಗ ಮಟ್ಟದ ಮೀಟ್‌ಗಳಲ್ಲಿ ಸ್ಟಾಪ್‌ವಾಚ್‌ನ ಟೈಮೇ ಗತಿ. ನಿಯಮದ ಪ್ರಕಾರ ಒಂದು ಲೇನ್‌ಗೆ ಮೂರು ವಾಚ್ ಇರಬೇಕು. ಎರಡು ಒಂದೇ ಟೈಮ್ ತೋರಿಸಿದರೆ ಅದು ಅಧಿಕೃತ. ಮೂರೂ ಬೇರೆಯಾದರೆ ನಡುವಿನದು. ಎರಡೇ ವಾಚ್ ಇದ್ದರೆ ಸರಾಸರಿ. ಬೀಪ್ ಕೇಳಿ ಬೆರಳು ಒತ್ತುವಷ್ಟರಲ್ಲಿ ಒಂದು ಕ್ಷಣ ಜಾರಿರುತ್ತದೆ, ಮುಗಿಸುವಾಗ ಮಾತ್ರ ಕೈ ಗೋಡೆಗೆ ಬರುವುದನ್ನು ಕಣ್ಣು ಮೊದಲೇ ನೋಡಿರುತ್ತದೆ. ಹಾಗಾಗಿ ಕೈ ಟೈಮ್ ಸಾಮಾನ್ಯವಾಗಿ ಪ್ಯಾಡ್ ಟೈಮ್‌ಗಿಂತ ಒಂದೆರಡು ದಶಾಂಶ ಸೆಕೆಂಡು ಚೆನ್ನಾಗಿ ಕಾಣುತ್ತದೆ. ಕಲಬುರಗಿಯಲ್ಲಿ 34.20 ಬಂದವರಿಗೆ ಬೆಂಗಳೂರಿನಲ್ಲಿ 34.40 ಬಂದರೆ ಅದು ಹಿನ್ನಡೆ ಅಲ್ಲ. ಅದರ ಮೇಲೆ ಕೊಳದ ಉದ್ದ ಬೇರೆ. 25 ಮೀಟರ್ ಕೊಳದ 100ರಲ್ಲಿ ಮೂರು ಟರ್ನ್, 50 ಮೀಟರ್ ಕೊಳದಲ್ಲಿ ಒಂದೇ. ಗೋಡೆ ಒದ್ದಷ್ಟೂ ವೇಗ. ಶೇಕಡಾ ಎರಡರಷ್ಟು ವ್ಯತ್ಯಾಸ ಹಿಡಿಯುವುದು ರೂಢಿ. ಟರ್ನ್ ಚುರುಕಾದವರಿಗೆ ಇನ್ನೂ ಜಾಸ್ತಿ. ರಿಸಲ್ಟ್ ತಲೆಬರಹದಲ್ಲಿ ಎಲ್‌ಸಿ ಅಂದರೆ 50 ಮೀಟರ್, ಎಸ್‌ಸಿ ಅಂದರೆ 25. ಇವೆರಡನ್ನು ಒಂದೇ ಪಟ್ಟಿಗೆ ಬೆರೆಸಿದವರ ಸೀಸನ್ ಲೆಕ್ಕ ಪೂರ್ತಿ ದಂಡ.

ಇನ್ನು ಹುಡುಕುವ ಕಷ್ಟ. ಇದಕ್ಕೇ ಒಂದು ಅಂಕ ಕಳೆದದ್ದು. ನಮ್ಮ ಕಡೆಯ ಹೆಸರುಗಳಿಗೂ ಈ ತಂತ್ರಾಂಶಕ್ಕೂ ಆಗಿಬರುವುದಿಲ್ಲ. ಶರಣಬಸಪ್ಪ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಲು ನಾಲ್ಕು ದಾರಿ ಇವೆ, ನಾಲ್ಕೂ ನಾಲ್ಕು ಮೀಟ್‌ನಲ್ಲಿ ಬಂದಿರುತ್ತವೆ. ಮೇಲಾಗಿ ತಂತ್ರಾಂಶ ಅಡ್ಡಹೆಸರನ್ನು ಮುಂದಕ್ಕೆ ಹಾಕುತ್ತದೆ. ಪಾಟೀಲ ಅಂತ ಹುಡುಕಿದರೆ ಅರ್ಧ ಕರ್ನಾಟಕವೇ ಎದ್ದು ಬರುತ್ತದೆ. ಹೆಸರಿನ ಮೊದಲ ಐದು ಅಕ್ಷರ ಅಥವಾ ಕ್ಲಬ್ಬಿನ ಹೆಸರು ಹಾಕಿ ಹುಡುಕಿ, ಆಮೇಲೆ ವಯಸ್ಸು ತಾಳೆ ನೋಡಿ. ಹೊಸ ಸೀಸನ್‌ನ ಮೊದಲ ಎಂಟ್ರಿಯಲ್ಲೇ ಕಾಗುಣಿತ ಒಂದೇ ಇರಲಿ ಎಂದು ಕೋಚ್‌ಗೆ ಹೇಳಿಬಿಟ್ಟರೆ ವರ್ಷವಿಡೀ ಸುಖ. ಇನ್ನೊಂದು ಪೀಡೆ, ನೋಟಿಸ್ ಬೋರ್ಡಿನ ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುವುದು. ಅದರಲ್ಲಿ ಹುಡುಕಲು ಆಗುವುದಿಲ್ಲ, 3 ಮತ್ತು 8 ಒಂದೇ ಥರ ಕಾಣುತ್ತವೆ. ಫೋಟೋ ಬೇಡ, ಡಾಕ್ಯುಮೆಂಟ್ ಆಗಿ ಫೈಲ್ ಕಳಿಸಿ ಎಂದು ಕೇಳಿ. ಸೂಪರ್ ಮಾರ್ಕೆಟ್ ಕಡೆ ಝೆರಾಕ್ಸ್ ಅಂಗಡಿಗೆ ಹೋಗಿ ಇಡೀ ಫೈಲ್ ಪ್ರಿಂಟ್ ಹಾಕಿಸುವುದೂ ಬೇಡ, ಹತ್ತಾರು ಪುಟ ಇರುತ್ತದೆ. ನಿಮಗೆ ಬೇಕಾದ ಪುಟಗಳ ಸಂಖ್ಯೆ ಬರೆದುಕೊಂಡು ಹೋಗಿ.

ಈಜಿನ ಅಂತಾರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್‌ನ ಪಾಯಿಂಟ್ಸ್ ಲೆಕ್ಕ ಈ ಪಿಡಿಎಫ್‌ಗೆ ಒಳ್ಳೆಯ ಜೋಡಿ. 50 ಬ್ಯಾಕ್‌ಸ್ಟ್ರೋಕ್‌ನಲ್ಲಿ ಚುರುಕೋ 200 ಫ್ರೀಯಲ್ಲೋ ಎಂಬ ಪ್ರಶ್ನೆಗೆ ಟೈಮ್ ನೋಡಿ ಉತ್ತರ ಸಿಗದು, ಪಾಯಿಂಟ್ಸ್‌ನಲ್ಲಿ ಸಿಗುತ್ತದೆ. ಸೂತ್ರ ಸರಳ: ಬೇಸ್ ಟೈಮನ್ನು ಈಜಿದ ಟೈಮ್‌ನಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಇನ್ನೆರಡು ಸಲ ಗುಣಿಸಿ, 1000ದಿಂದ ಗುಣಿಸಿ. ಬೇಸ್ ಟೈಮ್ ಅಂದರೆ ಆ ಸ್ಪರ್ಧೆಯ ವಿಶ್ವದಾಖಲೆ. ಮಹಿಳೆಯರ 100 ಫ್ರೀಗೆ ಸ್ವೀಡನ್‌ನ ಸಾರಾ ಶೋಸ್ಟ್ರಮ್ 2017ರಲ್ಲಿ ಮಾಡಿದ 51.71 ಹಿಡಿದರೆ, ಮೇಲಿನ ಹುಡುಗಿಯ 1:12.40 ಅಂದರೆ 72.40 ಸೆಕೆಂಡಿಗೆ 364 ಪಾಯಿಂಟ್ಸ್. ಎರಡು ಸೆಕೆಂಡು ಇಳಿಸಿ 1:10.40 ಮಾಡಿದರೆ 396. ಎಕ್ಸೆಲ್‌ನಲ್ಲಿ ಮಾಡುವವರು ಟೈಮನ್ನು ಸೆಕೆಂಡಿಗೆ ಬದಲಿಸಿಯೇ ತುಂಬಿ. ನಿಮಿಷ ಇರುವ ಟೈಮನ್ನು ಎಕ್ಸೆಲ್ ಗಡಿಯಾರದ ಹೊತ್ತು ಅಂದುಕೊಳ್ಳುತ್ತದೆ, 58.31ನ್ನು ಬರೀ ಸಂಖ್ಯೆ ಅಂದುಕೊಳ್ಳುತ್ತದೆ. ಎರಡೂ ಒಂದೇ ಕಾಲಮ್ಮಿನಲ್ಲಿ ಕೂತರೆ ಗ್ರಾಫ್ ಆಕಾಶಕ್ಕೆ ಹೋಗುತ್ತದೆ.

ಪಾಯಿಂಟ್ಸ್‌ನಲ್ಲೂ ಒಂದು ಗುಂಡಿ ಇದೆ. ಬೇಸ್ ಟೈಮ್ ವರ್ಷಕ್ಕೊಮ್ಮೆ ಬದಲಾಗುತ್ತದೆ. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ರೋಮ್‌ನ ಸೆಟ್ಟೆ ಕೊಲ್ಲಿ ಮೀಟ್‌ನಲ್ಲಿ 100 ಬ್ಯಾಕ್‌ಸ್ಟ್ರೋಕ್ 53.77ಕ್ಕೆ ಈಜಿ ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. ಬೇಕಿದ್ದದ್ದು 53.85. ಆಗಿನ ವಿಶ್ವದಾಖಲೆ 51.85, ಆ ಲೆಕ್ಕದಲ್ಲಿ ದಶಮಾಂಶ ಬಿಟ್ಟರೆ 896 ಪಾಯಿಂಟ್ಸ್. 2022ರಲ್ಲಿ ಇಟಲಿಯ ಥಾಮಸ್ ಚೆಕ್ಕೊನ್ ದಾಖಲೆಯನ್ನು 51.60ಕ್ಕೆ ಇಳಿಸಿದರು. ಅದೇ 53.77ಕ್ಕೆ ಈಗ 883. ಈಜು ಅದೇ, ನೀರು ಅದೇ, 13 ಪಾಯಿಂಟ್ಸ್ ಮಾಯ. ಶ್ರೀಹರಿ ಪ್ಯಾರಿಸ್‌ನಲ್ಲಿ ಈಜಿದ 55.01ಕ್ಕೆ ಹೋಲಿಸಬೇಕಾದರೆ ಎರಡಕ್ಕೂ ಒಂದೇ ಬೇಸ್ ಹಿಡಿಯಬೇಕು: 883 ಮತ್ತು 825. ಒಂದು ಸೀಸನ್ ಬರೆದಿಡುವವರು ಮೊದಲ ದಿನ ಹಿಡಿದ ಬೇಸ್‌ನಲ್ಲೇ ಕೊನೆಯವರೆಗೂ ಹೋಗಿ. ಹನ್ನೊಂದು ವರ್ಷದ ಮಗುವಿಗೆ 250 ಬಂದರೆ ಮುಖ ಸಣ್ಣ ಮಾಡಬೇಡಿ. ಸೂತ್ರಕ್ಕೆ ವಯಸ್ಸು ಗೊತ್ತಿಲ್ಲ, ಅದು ಹೋಲಿಸುವುದು ವಿಶ್ವದಾಖಲೆಗೇ.

ಯಾವ ಮೀಟ್‌ಗೆ ಎಷ್ಟು ತೂಕ ಕೊಡಬೇಕು ಎನ್ನುವುದನ್ನು ಪಿಡಿಎಫ್ ಆಗಲಿ ಪಾಯಿಂಟ್ಸ್ ಆಗಲಿ ಹೇಳುವುದಿಲ್ಲ. ಕೋಚ್‌ಗೆ ಒಂದೇ ಪ್ರಶ್ನೆ ಕೇಳಿ: ಟೇಪರ್ ಯಾವ ಮೀಟ್‌ಗೆ? ಮುಖ್ಯ ಮೀಟ್‌ಗೆ ಎರಡು ಮೂರು ವಾರ ಇರುವಾಗ ಈಜುವ ದೂರ ಇಳಿಸಿ ಮೈಗೆ ವಿಶ್ರಾಂತಿ ಕೊಡುತ್ತಾರೆ. ಅದಕ್ಕೂ ಮುಂಚಿನ ಮೀಟ್‌ಗಳಲ್ಲಿ ದಣಿದ ಮೈಯಲ್ಲೇ ಈಜುತ್ತಾರೆ, ಟೈಮ್ ಏರಿರುವುದು ಸಹಜ. ಆ ಮೀಟ್‌ನ ಸಾಲಿಗೆ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿಟ್ಟರೆ ಮೂರು ತಿಂಗಳ ನಂತರ ಬೇಜಾರಾಗುವುದು ತಪ್ಪುತ್ತದೆ.

ಲೈವ್ ವಿಡಿಯೋ ಇದ್ದಾಗ ಸ್ಟಾಪ್‌ವಾಚ್ ಹಿಡಿದು ಕೂರುವುದು ಸಾರ್ಥಕ. ಪ್ರಸಾರ ಅರ್ಧ ನಿಮಿಷ ತಡವಾಗಿ ಬಂದರೂ ಪರವಾಗಿಲ್ಲ, ಅಳೆಯುವುದು ನಡುವಿನ ಅಂತರವನ್ನು ತಾನೆ. ಲೇನ್ ಹಗ್ಗ ನೋಡಿ: ಎರಡೂ ಗೋಡೆಯಿಂದ 15 ಮೀಟರ್‌ಗೆ ಬಿಲ್ಲೆಯ ಬಣ್ಣ ಬದಲಾಗಿರುತ್ತದೆ, ಕೊನೆಯ 5 ಮೀಟರ್ ಪೂರ್ತಿ ಬೇರೆ ಬಣ್ಣ. ಬೀಪ್‌ನಿಂದ ತಲೆ 15ರ ಗುರುತು ದಾಟುವವರೆಗೆ ಒಂದು ಟೈಮ್, ಟರ್ನ್‌ನಲ್ಲಿ ಗೋಡೆಗೆ 5 ಮೀಟರ್ ಇರುವಾಗಿನಿಂದ ಮತ್ತೆ ಹೊರಗೆ 15ರ ಗುರುತಿನವರೆಗೆ ಇನ್ನೊಂದು. ಮೇಲಿನ 39.30ರ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಟರ್ನ್ ಟೈಮ್ ಚೆನ್ನಾಗಿದ್ದು 39.30 ಬಂದಿದ್ದರೆ ಉಸಿರು ಸೋತಿದೆ, ಟರ್ನ್ ಟೈಮೇ ಕೆಟ್ಟಿದ್ದರೆ ಅಭ್ಯಾಸ ಅಲ್ಲಿಗೆ ಬೇಕು. ಕೈ ಬೀಸುವ ವೇಗ ಬೇಕಾದರೆ ಮೂರು ಪೂರ್ತಿ ಸ್ಟ್ರೋಕ್‌ಗೆ ಹಿಡಿದ ಸೆಕೆಂಡಿನಿಂದ 180ನ್ನು ಭಾಗಿಸಿ. 4 ಸೆಕೆಂಡು ಹಿಡಿದರೆ ನಿಮಿಷಕ್ಕೆ 45. ನೆಟ್ ತೊದಲಿ ಚಿತ್ರ ನಿಂತು ನಿಂತು ಬಂದರೆ ಮಾತ್ರ ಆ ಅಳತೆ ಬಿಟ್ಟುಬಿಡಿ.

ಖುದ್ದು ಹೋಗುವವರು ಸ್ಟಾರ್ಟ್ ಲಿಸ್ಟ್ (ಯಾರು ಯಾವ ಹೀಟ್, ಯಾವ ಲೇನ್ ಎಂಬ ಪಟ್ಟಿ) ಬಂದ ಮೇಲೆ ಟಿಕೆಟ್ ಬಗ್ಗೆ ಯೋಚಿಸಿ. ನಸುಕಿನಲ್ಲಿ ಕಲಬುರಗಿ ಬಿಡುವ ವಂದೇ ಭಾರತ್ ಬೆಂಗಳೂರು ಮುಟ್ಟುವಾಗ ಮಧ್ಯಾಹ್ನ, ಅಷ್ಟರಲ್ಲಿ ಬೆಳಗಿನ ಹೀಟ್ಸ್ ಮುಗಿದಿರುತ್ತದೆ. ಫೈನಲ್ ನೋಡಲು ಅದು ಸಾಕು, ಹೀಟ್ಸ್ ನೋಡಬೇಕೆಂದರೆ ಹಿಂದಿನ ದಿನವೇ ಹೊರಡಬೇಕು. 800, 1500 ಮೀಟರ್‌ಗೆ ಬೇರೆ ಫೈನಲ್ ಇಲ್ಲದೆ ಎಲ್ಲ ಹೀಟ್‌ಗಳ ಟೈಮ್ ಸೇರಿಸಿ ಸ್ಥಾನ ಕೊಡುವ ಟೈಮ್ಡ್ ಫೈನಲ್ ಇದ್ದರೆ ನಿಧಾನದ ಹೀಟ್‌ಗಳು ಮೊದಲು, ವೇಗದ ಹೀಟ್ ಕೊನೆಗೆ. ಮೊದಲ ಹೀಟ್ ಗೆದ್ದವರಿಗೆ ಪದಕ ಬಂತೆಂದು ಊರಿಗೆ ಫೋನ್ ಮಾಡುವ ಮೊದಲು ಇದನ್ನು ನೋಡಿಕೊಳ್ಳಿ.

ಸೀಸನ್ ಮುಗಿದ ಮೇಲೆ ಬೆಸ್ಟ್ ಟೈಮ್ ಪಟ್ಟಿ ಮಾಡುವಾಗ ರಿಲೇ ಪುಟಗಳನ್ನು ಬಿಡಬೇಡಿ. ಫ್ರೀಸ್ಟೈಲ್ ರಿಲೇಯಲ್ಲಿ ಮೊದಲು ಈಜುವವರು ಬೀಪ್‌ಗೇ ಹೊರಡುತ್ತಾರೆ, ಆದ್ದರಿಂದ ಆ ಟೈಮ್ ಅಧಿಕೃತವಾಗಿ ಎಣಿಕೆಗೆ ಬರುತ್ತದೆ. ನಾಲ್ವರು ನಾಲ್ಕು ಸ್ಟ್ರೋಕ್ ಈಜುವ ಮೆಡ್ಲೆ ರಿಲೇಯಲ್ಲಿ ಮೊದಲು ಹೋಗುವವರ ಬ್ಯಾಕ್‌ಸ್ಟ್ರೋಕ್ ಟೈಮಿಗೂ ಇದೇ ಲೆಕ್ಕ. ಎರಡನೆಯವರಿಂದ ಮುಂದೆ ಹಾರುತ್ತಲೇ ಹೊರಡುವುದರಿಂದ ಅವರ ಸ್ಪ್ಲಿಟ್ ಎಷ್ಟೇ ಚೆನ್ನಾಗಿದ್ದರೂ ಸೇರಿಸುವಂತಿಲ್ಲ. ಬಿಡಿ ಸ್ಪರ್ಧೆಯಲ್ಲಿ 1:12.40 ಬಂದ ಹುಡುಗಿಯ 1:11.95 ಕೊನೆಯ ದಿನದ 4×100 ಫ್ರೀಸ್ಟೈಲ್ ರಿಲೇ ಪುಟದಲ್ಲಿ, ತಂಡದ ಹೆಸರಿನ ಕೆಳಗೆ, ಯಾರೂ ನೋಡದ ಮೊದಲ ಸ್ಪ್ಲಿಟ್ ಆಗಿ ಕೂತಿರಬಹುದು.