ಬೋರರ್ ಹುಳಕ್ಕೆ 'ಬ್ಯಾಕ್ಟೀರಿಯಾ ಔಷಧಿ' ಎಂದು ಕ್ಯಾನ್ ಹಿಡಿದು ಬರುವವರನ್ನು ಗೇಟಿನೊಳಗೆ ಬಿಡಬೇಡಿ

ಸೋಮವಾರಪೇಟೆ, ಮಾದಾಪುರ, ಶನಿವಾರಸಂತೆ ಕಡೆಯ ಅರೇಬಿಕಾ ಕಾಫಿ ಬೆಳೆಗಾರರು ದಯವಿಟ್ಟು ಇದನ್ನು ಪೂರ್ತಿ ಓದಿ. ಬಿಳಿ ಕಾಂಡಕೊರಕಕ್ಕೆ, ನಾವೆಲ್ಲ ಬೋರರ್ ಎಂದು ಕರೆಯುವ ಆ ಪೀಡೆಗೆ, ಬ್ಯಾಕ್ಟೀರಿಯಾದಿಂದ ಮಾಡಿದ ಔಷಧಿ ಬಂದಿದೆ, ಕಾಂಡಕ್ಕೆ ಸಿಂಪಡಿಸಿದರೆ ಸಾಕು, ಇನ್ನು ಗಿಡ ಕೀಳುವ ಕೆಲಸವೇ ಇಲ್ಲ ಎಂದು ಹೇಳಿಕೊಂಡು ತೋಟದಿಂದ ತೋಟಕ್ಕೆ ತಿರುಗುತ್ತಿದ್ದಾರೆ. ಕೊಳ್ಳಬೇಡಿ. ಒಂದು ಕ್ಯಾನ್ ಕೂಡ ಕೊಳ್ಳಬೇಡಿ. ನಾನು ಕೊಂಡೆ, ನನ್ನನ್ನು ನೋಡಿ ನನ್ನ ಭಾವನೂ ಕೊಂಡರು. ಈಗ ಇಬ್ಬರ ತೋಟದಲ್ಲೂ ಫಸಲು ಕೊಡುತ್ತಿದ್ದ ಗಿಡಗಳು ಸೌದೆಯಾಗಿ ಬಿದ್ದಿವೆ.

ಐದು ಲೀಟರಿನ ಒಂದು ಕ್ಯಾನಿಗೆ 4,800 ರೂಪಾಯಿ. ಹಣದ ಮಾತು ಬಿಡಿ. ನನಗೆ ಹೊಟ್ಟೆ ಉರಿಯುವುದು ಮಾರಲು ಬಂದವನು ಹೇಳಿದ ಆ ಒಂದು ಮಾತಿಗೆ: "ಈ ವರ್ಷ ಬೋರರ್ ಗಿಡ ಕೀಳಿಸಬೇಡಿ ಅಣ್ಣ, ಒಳಗಿರುವ ಹುಳವನ್ನು ನಮ್ಮ ಬ್ಯಾಕ್ಟೀರಿಯಾ ಅಲ್ಲೇ ಮುಗಿಸುತ್ತದೆ." ಆ ಮಾತನ್ನು ಅವನು ಹೇಳಿದ್ದು ಸೆಪ್ಟೆಂಬರಿನಲ್ಲಿ. ಯಾವ ತಿಂಗಳು ಎನ್ನುವುದನ್ನು ಗಮನಿಸಿ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ದುಂಬಿ ಹೊರಬಂದು ಹಾರುತ್ತದೆ, ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕೆ ಮೊದಲೇ ಒಂದೊಂದು ಗಿಡವನ್ನೂ ನೋಡಿ, ಎಲೆ ಹಳದಿಯಾದದ್ದು, ಕಾಂಡದ ಮೇಲೆ ಉಬ್ಬುಗೆರೆ ಎದ್ದದ್ದನ್ನು ಬುಡಸಮೇತ ಕಿತ್ತು ಸುಡಬೇಕು. ಇದು ನಮ್ಮ ಅಪ್ಪಂದಿರ ಕಾಲದಿಂದ ಗೊತ್ತಿರುವ ವಿಷಯ. ಸುಡದೆ ಬಿಟ್ಟ ಒಂದು ಗಿಡದಿಂದ ಹೊರಟ ದುಂಬಿಗಳು ಸುತ್ತಲಿನ ಗಿಡಗಳನ್ನೆಲ್ಲ ಹಿಡಿಯುತ್ತವೆ. ಆ ಕೆಲಸ ನಿಲ್ಲಿಸಿ ಎಂದು ಅವನು ಹೇಳಿದ.

ಆಳುಗಳ ಪರಿಸ್ಥಿತಿ ನಿಮಗೆ ಗೊತ್ತಿದೆ. ಅಸ್ಸಾಮಿನಿಂದ ಬಂದವರು ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಬೋರರ್ ಗಿಡ ಗುರುತಿಸುವುದಕ್ಕೆ ಹೊಸಬರಿಗೆ ಬರುವುದಿಲ್ಲ, ಹಳೆಯ ಮೇಸ್ತ್ರಿಯೇ ಸಾಲು ಸಾಲು ನಡೆಯಬೇಕು. ಇಂಥ ಹೊತ್ತಿನಲ್ಲಿ ಒಬ್ಬ ಬಂದು, ಪಂಪಿನಲ್ಲಿ ಹೊಡೆದರೆ ಸಾಕು ಎಂದರೆ ಯಾರಿಗೆ ಬೇಡವೆನಿಸುತ್ತದೆ? ಅವರಿಗೆ ಇದು ಗೊತ್ತು. ಗೊತ್ತಿದ್ದೇ ಆ ತಿಂಗಳು ಬರುತ್ತಾರೆ.

ಮಾತು ಚೆನ್ನಾಗಿ ಕಲಿತಿದ್ದ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ, ಎಲ್ಲರೂ ಬಿಟಿ ಎನ್ನುವುದು ಇದನ್ನೇ ಎಂದ. 1901ರಲ್ಲಿ ಜಪಾನಿನಲ್ಲಿ ಸಾಯುತ್ತಿದ್ದ ರೇಷ್ಮೆಹುಳದಲ್ಲಿ ಇದು ಸಿಕ್ಕಿತು, 1911ರಲ್ಲಿ ಜರ್ಮನಿಯಲ್ಲಿ ಬರ್ಲಿನರ್ ಎಂಬ ವಿಜ್ಞಾನಿಗೆ ಹಿಟ್ಟಿನ ಪತಂಗದ ಮರಿಹುಳದಲ್ಲಿ ಸಿಕ್ಕಿತು ಎಂದೆಲ್ಲ ಹೇಳಿದ. ಮುಚ್ಚಳ ತೆಗೆದು, ಬೆರಳು ಅದ್ದಿ, ನನ್ನ ಎದುರೇ ನೆಕ್ಕಿ ತೋರಿಸಿದ. "ನೋಡಿ ಅಣ್ಣ, ಮನುಷ್ಯನಿಗೆ ಏನೂ ಆಗುವುದಿಲ್ಲ, ಜೇನಿಗೂ ಇಲ್ಲ, ಬೇರೆ ಯಾವ ಹುಳಕ್ಕೂ ಇಲ್ಲ." ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಹಸಿರು ಹುಳವೊಂದು ಎಲೆ ತಿನ್ನುವುದನ್ನು ನಿಲ್ಲಿಸುತ್ತದೆ, ಸುರುಟಿಕೊಳ್ಳುತ್ತದೆ, ಕಪ್ಪಾಗಿ ಜೋತುಬೀಳುತ್ತದೆ. "2002ರಿಂದ ನಮ್ಮ ದೇಶದ ಹತ್ತಿಯಲ್ಲಿ ಕೆಲಸ ಮಾಡುತ್ತಿರುವುದು ಈ ಬ್ಯಾಕ್ಟೀರಿಯಾದ ಪ್ರೋಟೀನೇ. ಕಾಯಿಯ ಒಳಗಿರುವ ಹುಳವನ್ನೇ ಕೊಲ್ಲುತ್ತದೆ ಎಂದ ಮೇಲೆ ಕಾಂಡದ ಒಳಗಿನದು ಯಾವ ಲೆಕ್ಕ?"

ಆ ಇಸವಿಗಳನ್ನು ಆಮೇಲೆ ನಾನು ಪರಿಶೀಲಿಸಿದ್ದೇನೆ. ಇಸವಿಗಳೆಲ್ಲ ಸರಿ. ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದೂ 2002ರಲ್ಲೇ. ಹತ್ತು ನಿಜ ಹೇಳಿ, ಅದರ ನಡುವೆ ಒಂದು ಸುಳ್ಳನ್ನು ಇಟ್ಟು ಮಾರಿದ್ದಾನೆ.

ಸಿಂಪಡಿಸಿದೆವು. ಕಾಂಡ ತೋಯುವಂತೆ, ಅವನು ಹೇಳಿದ ಪ್ರಮಾಣದಲ್ಲೇ. ಬೋರರ್ ಗಿಡಗಳನ್ನು ಕೀಳಿಸದೆ ಹಾಗೇ ಬಿಟ್ಟೆವು. ಕೊಯ್ಲಿನ ಹೊತ್ತಿಗೆ ನಮ್ಮ ಮೇಸ್ತ್ರಿ ಬಂದು, "ಧಣಿ, ಕೆಳಗಿನ ಎಸ್.795 ತಳಿಯ ಪಟ್ಟೆಯಲ್ಲಿ ಗಿಡಗಳು ಸೊರಗುತ್ತಿವೆ, ಒಮ್ಮೆ ಬಂದು ನೋಡಿ" ಎಂದರು. ಹೋಗಿ ಒಂದು ಗಿಡವನ್ನು ಕತ್ತಿಯಿಂದ ಸೀಳಿದರೆ ಒಳಗೆ ಹುಳ ಆರಾಮವಾಗಿತ್ತು. ದಪ್ಪನೆಯ, ಬಿಳಿ ಹಳದಿ ಹುಳ. ಇನ್ನೊಂದು ಸೀಳಿದೆ, ಅದರಲ್ಲೂ ಇತ್ತು. ಮುಂದಿನ ಸಾಲಿನ, ಸೆಪ್ಟೆಂಬರಿನಲ್ಲಿ ಏನೂ ಆಗಿರದಿದ್ದ ಗಿಡಗಳ ತೊಗಟೆ ಎತ್ತಿದರೆ ಅಲ್ಲಿ ಎಳೆಯ ಹುಳಗಳು ಸುರಂಗ ಶುರು ಮಾಡಿದ್ದವು.

ಫೋನ್ ಮಾಡಿದೆ. ಅವನ ಉತ್ತರಗಳನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ನಿಮಗೂ ಇವೇ ಉತ್ತರಗಳು ಸಿಗುತ್ತವೆ.

ಮೊದಲನೆಯ ಸಲ: "ಜೈವಿಕ ಔಷಧಿ ಅಣ್ಣ, ನಿಧಾನ. ತಾಳ್ಮೆ ಬೇಕು." ಸುಳ್ಳು. ಬಿಟಿ ಹೊಟ್ಟೆಗೆ ಹೋದ ಮರಿಹುಳ ಕೆಲವೇ ಗಂಟೆಗಳಲ್ಲಿ ತಿನ್ನುವುದನ್ನು ಬಿಡುತ್ತದೆ, ಕೆಲವು ದಿನಗಳಲ್ಲಿ ಸಾಯುತ್ತದೆ. ಅವನೇ ತೋರಿಸಿದ ವಿಡಿಯೊದಲ್ಲಿ ಇದ್ದದ್ದೂ ಅದೇ ಅಲ್ಲವೇ?

ಎರಡನೆಯ ಸಲ: "ನೀವು ಬೋರ್ಡೋ ಹೊಡೆದಿದ್ದೀರಿ. ಮೈಲುತುತ್ತಕ್ಕೆ ಬ್ಯಾಕ್ಟೀರಿಯಾ ಸತ್ತುಹೋಗಿದೆ." ಕಾಫಿ, ಮೆಣಸು ಇರುವ ತೋಟದಲ್ಲಿ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯದೆ ಇರುತ್ತಾರೆಯೇ? ಕೊಳ್ಳುವಾಗ ನಾನೇ ಬಾಯಿಬಿಟ್ಟು ಕೇಳಿದ್ದೆ. "ಏನೂ ತೊಂದರೆ ಇಲ್ಲ, ಬೇಕಾದರೆ ಒಟ್ಟಿಗೇ ಕಲಸಿ ಹೊಡೆಯಿರಿ, ಮೆಣಸಿನ ಬುಡಕ್ಕೂ ಹಾಕಿ, ಸೊರಗು ರೋಗವೂ ಹೋಗುತ್ತದೆ" ಎಂದಿದ್ದ. ಹುಳದ ಹೊಟ್ಟೆ ಒಡೆಯುವ ಪ್ರೋಟೀನು ಮೆಣಸಿನ ಬೇರು ಕೊಳೆಸುವ ಫೈಟೋಫ್ತೊರಾ ಎಂಬ ರೋಗಾಣುವಿಗೆ ಏನು ಮಾಡುತ್ತದೆ? ಏನೂ ಮಾಡುವುದಿಲ್ಲ.

ಮೂರನೆಯ ಉತ್ತರ ಇನ್ನೂ ಚೆನ್ನಾಗಿ ನೆನಪಿದೆ: "ನಿಮ್ಮ ತೋಟದಲ್ಲಿ ನೆರಳು ಕಡಿಮೆ, ಅದಕ್ಕೆ ನಾವು ಜವಾಬ್ದಾರರಲ್ಲ. ಇನ್ನೆರಡು ಕ್ಯಾನ್ ಕಳುಹಿಸುತ್ತೇನೆ, ನಿಮಗಾಗಿ ಐನೂರು ರೂಪಾಯಿ ಕಡಿಮೆ ಮಾಡುತ್ತೇನೆ." ಗಿಡ ಸಾಯುತ್ತಿದೆ ಎಂದು ಹೇಳುತ್ತಿರುವವನಿಗೆ ರಿಯಾಯಿತಿ!

ಆಮೇಲೆ ಕಾಫಿ ಮಂಡಳಿಯ ವಿಸ್ತರಣಾ ಅಧಿಕಾರಿಯೊಬ್ಬರ ಬಳಿ ಕ್ಯಾನ್ ಹಿಡಿದುಕೊಂಡು ಹೋದೆ. ಆ ಮನುಷ್ಯ ಕಳುಹಿಸಿದ್ದ ವಿಡಿಯೊವನ್ನೂ ತೋರಿಸಿದೆ. ಅವರು ಕೊನೆಯವರೆಗೂ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಈ ಹುಳ ಎಲೆ ತಿನ್ನುತ್ತಿದೆ. ನಿಮ್ಮ ಬೋರರ್ ಎಲೆ ತಿನ್ನುತ್ತದೆಯೇ?"

ನನಗೆ ಉತ್ತರ ಹೇಳಲಾಗಲಿಲ್ಲ. ಹುಟ್ಟಿದಾಗಿನಿಂದ ಕಾಫಿ ಗಿಡದ ನಡುವೆಯೇ ಇರುವವನು ನಾನು. ಬೋರರ್ ಮರದ ಒಳಗೆ ಕುಳಿತು ಮರವನ್ನೇ ತಿನ್ನುತ್ತದೆ ಎಂದು ಗೊತ್ತಿಲ್ಲದವನೇ? ಪಕ್ಕದಲ್ಲಿ ಇನ್ನಿಬ್ಬರು ಬೆಳೆಗಾರರು ಕುಳಿತಿದ್ದರು. ಅವರ ಎದುರು ತಲೆ ಎತ್ತಲಾಗಲಿಲ್ಲ.

ಅಧಿಕಾರಿ ತಾಳ್ಮೆಯಿಂದ ವಿವರಿಸಿದರು. ಈ ಬ್ಯಾಕ್ಟೀರಿಯಾ ಬೀಜಕ ಕಟ್ಟುವಾಗ ಪ್ರೋಟೀನಿನ ಹರಳನ್ನೂ ಮಾಡುತ್ತದೆ. ಹುಳ ಆ ಹರಳನ್ನು ತಿನ್ನಬೇಕು. ತಿನ್ನದಿದ್ದರೆ ಏನೂ ಇಲ್ಲ, ಮೈಮೇಲೆ ಸುರಿದರೂ ಏನೂ ಆಗುವುದಿಲ್ಲ. ಎಲೆ ತಿನ್ನುವ ಮರಿಹುಳದ ಕರುಳಿನಲ್ಲಿ ಕ್ಷಾರದ ಗುಣವಿದೆ, ಹರಳು ಅಲ್ಲಿ ಕರಗುತ್ತದೆ, ಹುಳದ ಜೀರ್ಣರಸವೇ ಅದನ್ನು ಕತ್ತರಿಸಿ ವಿಷವಾಗಿಸುತ್ತದೆ, ಆ ವಿಷ ಕರುಳಿನ ಗೋಡೆಗೆ ಅಂಟಿಕೊಂಡು ತೂತು ಕೊರೆಯುತ್ತದೆ. ನಮ್ಮ ಹೊಟ್ಟೆಯಲ್ಲಿ ಆಮ್ಲ ಇರುವುದರಿಂದಲೂ, ಆ ವಿಷ ಅಂಟಿಕೊಳ್ಳುವ ಜಾಗ ನಮ್ಮ ಕರುಳಿನಲ್ಲಿ ಇಲ್ಲದಿರುವುದರಿಂದಲೂ ನಮಗೇನೂ ಆಗುವುದಿಲ್ಲ. ಹಾಗಾಗಿ ಅವನು ಬೆರಳು ನೆಕ್ಕಿದ್ದು ಯಾವುದಕ್ಕೂ ಸಾಕ್ಷಿಯಲ್ಲ. ಬರೀ ಬೆಲ್ಲದ ನೀರನ್ನೂ ಹಾಗೇ ನೆಕ್ಕಬಹುದು.

ಅಂಗಡಿಯಲ್ಲಿ ಸಿಗುವ ಬಿಟಿ ಬಹುತೇಕ ಕುರ್ಸ್ಟಾಕಿ ಎಂಬ ಬಗೆ. ಅದು ಪತಂಗ, ಚಿಟ್ಟೆಗಳ ಮರಿಹುಳಕ್ಕೆ. ಬೋರರ್ ಪತಂಗವೇ ಅಲ್ಲ, ದುಂಬಿಯ ಮರಿ. "ದುಂಬಿಗೂ ಒಂದು ಬಿಟಿ ಇದೆಯಂತಲ್ಲ" ಎಂದು ನಾನು ಕೇಳಿದೆ, ಅವನು ಅದನ್ನೂ ಹೇಳಿದ್ದ. ಹೌದು, 1983ರಲ್ಲಿ ಜರ್ಮನಿಯ ವಿಜ್ಞಾನಿಗಳು ಟೆನೆಬ್ರಿಯೊನಿಸ್ ಎಂಬ ಬಗೆಯ ಬಗ್ಗೆ ಪ್ರಕಟಿಸಿದರು, ಅದು ಆಲೂಗಡ್ಡೆಯ ಎಲೆ ತಿನ್ನುವ ದುಂಬಿಯ ಮರಿಗೆ ಕೆಲಸ ಮಾಡುತ್ತದೆ. ಅಲ್ಲೂ ಎಲೆ. ಬಯಲಿನಲ್ಲಿ ಕುಳಿತು ಎಲೆ ತಿನ್ನುವ ಹುಳ. ನಮ್ಮದು ತೊಗಟೆಯ ಅಡಿಯಲ್ಲಿ, ಆಮೇಲೆ ಗಟ್ಟಿ ಮರದ ಒಳಗೆ, ತನ್ನದೇ ಪುಡಿಯಿಂದ ಸುರಂಗವನ್ನು ಬಿಗಿಯಾಗಿ ತುಂಬಿಕೊಂಡು ಕುಳಿತಿರುವ ಹುಳ. ತೊಗಟೆಯ ಮೇಲೆ ಹೊಡೆದ ನೀರು ಅದರ ಬಾಯಿಗೆ ಹೋಗುವುದು ಹೇಗೆ? ಅದರ ಮೇಲೆ ನಮ್ಮ ಕೊಡಗಿನ ಮಳೆ. ಉಳಿದದ್ದಕ್ಕೆ ಬಿಸಿಲು, ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳಿಗೆ ಬಿಟಿ ಬೇಗ ಕೆಡುತ್ತದೆ.

ಇನ್ನು ಹತ್ತಿಯ ಮಾತು. ಇಲ್ಲೇ ಅವನ ಮೋಸ ಪೂರ್ತಿ ಬಯಲಾಗುವುದು. ಬಿಟಿ ಹತ್ತಿಗೆ ಯಾರೂ ಹೊರಗಿನಿಂದ ಬ್ಯಾಕ್ಟೀರಿಯಾ ಸಿಂಪಡಿಸುವುದಿಲ್ಲ. ಬ್ಯಾಕ್ಟೀರಿಯಾದ ವಂಶವಾಹಿಯನ್ನು ಗಿಡದೊಳಗೇ ಸೇರಿಸಿದ್ದಾರೆ, ಗಿಡವೇ ಆ ಪ್ರೋಟೀನನ್ನು ತಯಾರಿಸುತ್ತದೆ. ಕಾಯಿ ಕೊರೆದ ಹುಳ ಕಾಯಿಯ ಜೊತೆಗೇ ವಿಷವನ್ನೂ ತಿನ್ನುತ್ತದೆ, ಆದ್ದರಿಂದ ಒಳಗಿದ್ದರೂ ಸಾಯುತ್ತದೆ. ನಮ್ಮ ದೇಶದಲ್ಲಿ ಬಿಟಿ ಕಾಫಿ ಗಿಡ ಎಂಬುದೇ ಇಲ್ಲ. ಎರಡಕ್ಕೂ ಸಂಬಂಧವೇ ಇಲ್ಲ. ಅವನಿಗೆ ಇದು ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. 1901ರ ಕಥೆ ಗೊತ್ತಿದ್ದವನಿಗೆ ಇದು ಗೊತ್ತಿರುವುದಿಲ್ಲವೇ?

ಅಧಿಕಾರಿ ಆಮೇಲೆ ಕ್ಯಾನನ್ನು ತಿರುಗಿಸಿ ನೋಡಿದರು. ಕೀಟನಾಶಕವೆಂದು ಮಾರುವ ಯಾವುದೇ ವಸ್ತು, ಜೈವಿಕವಾಗಿರಲಿ ರಾಸಾಯನಿಕವಾಗಿರಲಿ, 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಿರಬೇಕು. ಲೇಬಲ್ಲಿನಲ್ಲಿ ನೋಂದಣಿ ಸಂಖ್ಯೆ, ತಯಾರಿಕಾ ಪರವಾನಗಿ, ಬ್ಯಾಚ್ ಸಂಖ್ಯೆ, ತಯಾರಿಸಿದ ಮತ್ತು ಅವಧಿ ಮುಗಿಯುವ ದಿನಾಂಕ, ಯಾವ ಬೆಳೆಯ ಯಾವ ಹುಳಕ್ಕೆ ಎಂಬುದು, ಎಚ್ಚರಿಕೆಯ ಬಣ್ಣದ ಗುರುತು, ಎಲ್ಲವೂ ಇರಬೇಕು. ನಮ್ಮ ಕ್ಯಾನಿನ ಮೇಲೆ ದೊಡ್ಡದಾಗಿ ಒಂದು ಹಸಿರು ಎಲೆಯ ಚಿತ್ರ ಇತ್ತು. ಬ್ಯಾಕ್ಟೀರಿಯಾದ ಹೆಸರು ಕೂಡ ಎಲ್ಲಿಯೂ ಅಚ್ಚಾಗಿರಲಿಲ್ಲ. ಬಿಲ್ಲಿನಲ್ಲಿ ಬರೆದದ್ದು "ಗಿಡದ ಟಾನಿಕ್". ಕೊಳ್ಳುವ ದಿನ ಬಿಲ್ಲನ್ನು ನಾಲ್ಕಾಗಿ ಮಡಚಿ ನನ್ನ ಜೇಬಿಗೆ ತಾನೇ ಇಟ್ಟಿದ್ದ.

ಮನೆಗೆ ಬಂದು ಇನ್ನೊಂದು ಕೆಲಸ ಮಾಡಿದೆ. ಹಿತ್ತಲಿನಲ್ಲಿ ನನ್ನ ಹೆಂಡತಿ ಎಲೆಕೋಸು ಹಾಕಿದ್ದಳು, ಅದಕ್ಕೆ ಹುಳ ಬಿದ್ದಿತ್ತು. ಎಲೆಕೋಸಿನ ಹುಳಕ್ಕಾದರೆ ನಿಜವಾದ ಬಿಟಿ ಖಂಡಿತ ಕೆಲಸ ಮಾಡಬೇಕು. ಒಂದು ಪಟ್ಟೆಗೆ ಕ್ಯಾನಿನಲ್ಲಿ ಉಳಿದದ್ದನ್ನು ಹೊಡೆದೆ. ಇನ್ನೊಂದು ಪಟ್ಟೆಗೆ ಪರವಾನಗಿ ಇರುವ ಅಂಗಡಿಯಿಂದ ತಂದ, ನೋಂದಣಿ ಸಂಖ್ಯೆ ಇರುವ ಬಿಟಿ ಪುಡಿಯನ್ನು ಸಂಜೆ ಹೊತ್ತು ಹೊಡೆದೆ. ಪುಡಿ ಹೊಡೆದ ಕಡೆ ಹುಳಗಳು ಮರುದಿನವೇ ತಿನ್ನುವುದನ್ನು ಬಿಟ್ಟಿದ್ದವು, ಆಮೇಲೆ ಕಪ್ಪಾಗಿ ಸತ್ತವು, ವಿಡಿಯೊದಲ್ಲಿ ಇದ್ದ ಹಾಗೆಯೇ. ಅವನ ಕ್ಯಾನಿನದು ಹೊಡೆದ ಕಡೆ ಎಲೆಯ ನರ ಮಾತ್ರ ಉಳಿಯಿತು. ಅದರೊಳಗೆ ಬಿಟಿ ಇತ್ತೇ, ಇದ್ದು ಸತ್ತಿತ್ತೇ, ಅಥವಾ ಮೊದಲಿನಿಂದಲೂ ಬರೀ ಬಣ್ಣದ ನೀರೇ? ಪ್ರಯೋಗಾಲಯವೇ ಹೇಳಬೇಕು.

ಕೊನೆಯ ಸಲ ಫೋನ್ ಮಾಡಿ ಇದನ್ನೆಲ್ಲ ಹೇಳಿದಾಗ ಅವನ ದನಿಯೇ ಬದಲಾಗಿತ್ತು. ಅಣ್ಣ ಹೋಗಿ ಸರ್ ಆಗಿದ್ದೆ. "ಸರ್, ಬಿಲ್ ಓದಿ. ನಾವು ಕೊಟ್ಟದ್ದು ಟಾನಿಕ್. ಹುಳ ಸಾಯುತ್ತದೆ ಎಂದು ನಾವು ಬರೆದು ಕೊಟ್ಟಿದ್ದೇವೆಯೇ?" ಅಷ್ಟೇ. ಮರುದಿನದಿಂದ ಆ ನಂಬರ್ ಬಂದ್.

ಭಾವನವರು ಒಂದು ಮಾತೂ ಆಡಿಲ್ಲ. ಅವರ ಚಂದ್ರಗಿರಿ ತಳಿಯ ಗಿಡಗಳು ಇನ್ನೂ ಎಳೆಯವು. ಎಳೆಯ ಗಿಡಕ್ಕೆ ಬೋರರ್ ಹೊಕ್ಕರೆ ಉಳಿಯುವುದು ಕಷ್ಟ ಎಂದು ನಿಮಗೇ ಗೊತ್ತು. ಅಕ್ಕನ ಮನೆಗೆ ಹೋಗುವುದಕ್ಕೆ ನನಗೆ ಮುಖವಿಲ್ಲ. ಅವರು ಬೈದಿದ್ದರೆ ಸುಲಭವಾಗುತ್ತಿತ್ತು.

ಊರಿನಲ್ಲಿ ಈಗ "ಬ್ಯಾಕ್ಟೀರಿಯಾ ಎಂದರೆಲ್ಲ ಮೋಸ" ಎಂಬ ಮಾತು ಹಬ್ಬಿದೆ. ದಯವಿಟ್ಟು ಹಾಗೆ ತಿಳಿಯಬೇಡಿ. ನನ್ನ ಎಲೆಕೋಸಿನ ಪಟ್ಟೆಯನ್ನು ಬಂದು ನೋಡಿ. ಕಾಫಿಯ ಕಾಯಿಕೊರಕಕ್ಕೆ ಬ್ಯುವೇರಿಯಾ ಇದೆ, ಅದು ಶಿಲೀಂಧ್ರ, ಹುಳದ ಮೈಗೆ ತಾಗಿ ಕೊಲ್ಲುವಂಥದ್ದು, ತೇವ ಇದ್ದಾಗ ಕೆಲಸ ಮಾಡುತ್ತದೆ. ಮೆಣಸಿನ ಬುಡಕ್ಕೆ ಗೊಬ್ಬರದ ಜೊತೆ ಹಾಕುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಇದೆ. ಪ್ರತಿಯೊಂದಕ್ಕೂ ಅದರದೇ ಶತ್ರು, ಅದರದೇ ದಾರಿ. ಎಲ್ಲಕ್ಕೂ ಒಂದೇ ಕ್ಯಾನ್ ಎಂದವನು ಸುಳ್ಳುಗಾರ. ಇನ್ನೊಂದು ವಿಷಯ: ನಿಜವಾದ ಬಿಟಿ ರೇಷ್ಮೆಹುಳವನ್ನೂ ಕೊಲ್ಲುತ್ತದೆ. ಪಿರಿಯಾಪಟ್ಟಣದ ಕಡೆ ಹಿಪ್ಪುನೇರಳೆ ಇಟ್ಟಿರುವ ನೆಂಟರಿದ್ದರೆ ಹೇಳಿ. ಯಾವ ಹುಳಕ್ಕೂ ಏನೂ ಆಗುವುದಿಲ್ಲ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದಾನೆ, ರೇಷ್ಮೆಹುಳದಲ್ಲೇ ಇದು ಸಿಕ್ಕಿದ್ದು ಎಂದು ಹೇಳುವ ಅದೇ ಬಾಯಿಯಿಂದ.

ಬೋರರ್ ಹತೋಟಿಗೆ ಅಧಿಕಾರಿ ಹೇಳಿದ್ದು ಹಳೆಯದೇ. ನೆರಳು ಸರಿಯಾಗಿರಲಿ, ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ರೆಂಬೆ ಕಡಿಸುವಾಗ, ತೋಟವನ್ನು ಬೋಳು ಮಾಡಬೇಡಿ, ದುಂಬಿ ಬಿಸಿಲು ಬೀಳುವ ಗಿಡವನ್ನೇ ಹುಡುಕುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಗಿಡ ನೋಡಿ ಕೀಳಿಸಿ, ಸುಡಿ. ಕಾಂಡ ಉಜ್ಜಿಸಿ. ದುಂಬಿ ಹಾರುವ ಮೊದಲು 100 ಲೀಟರ್ ನೀರಿಗೆ 10 ಕಿಲೋ ಸುಣ್ಣ ಕಲಸಿ ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಹೊಡೆಸಿ. ಇದಕ್ಕೆ ಆಳು ಬೇಕು, ಹಣ ಬೇಕು, ನನಗೂ ಗೊತ್ತು.

ನಾನು ಕೃಷಿ ಇಲಾಖೆಗೆ ದೂರು ಕೊಟ್ಟಿದ್ದೇನೆ, ಮಾದರಿ ತೆಗೆಯುವ ಅಧಿಕಾರ ಅಲ್ಲಿನ ಕೀಟನಾಶಕ ಪರಿವೀಕ್ಷಕರಿಗೆ ಇದೆ. ಬಿಲ್, ಖಾಲಿ ಕ್ಯಾನ್, ಉಳಿದ ಔಷಧಿ, ವಿಡಿಯೊ, ಎಲ್ಲವನ್ನೂ ಎತ್ತಿಟ್ಟಿದ್ದೇನೆ. ಒಬ್ಬನ ದೂರಾದರೆ ಬದಿಗೆ ಸರಿಯುತ್ತದೆ, ನಾಲ್ಕು ಜನರದು ಬಂದರೆ ಸರಿಯುವುದಿಲ್ಲ. ನೀವೂ ಕೊಂಡಿದ್ದರೆ ನಾಚಿಕೆಪಟ್ಟು ಕ್ಯಾನನ್ನು ಗುಜರಿಗೆ ಹಾಕಬೇಡಿ, ಬಿಲ್ಲಿನ ಫೋಟೊ ಸಮೇತ ನನಗೆ ತಿಳಿಸಿ, ಒಟ್ಟಿಗೆ ಹೋಗೋಣ. ಅದೇ ಮನುಷ್ಯ ಈಗ ಬೇರೆ ಹೆಸರಿನ ಕ್ಯಾನ್ ಹಿಡಿದುಕೊಂಡು ಶನಿವಾರಸಂತೆ ಕಡೆ ಏಲಕ್ಕಿ ತೋಟಗಳಿಗೆ ಹೋಗುತ್ತಿದ್ದಾನೆ ಎಂದು ಮೊನ್ನೆ ಒಬ್ಬರು ಹೇಳಿದರು. ಬಂದರೆ ಮೊದಲು ನೋಂದಣಿ ಸಂಖ್ಯೆ ಕೇಳಿ, ಮಡಚಿ ಕೊಟ್ಟ ಬಿಲ್ಲನ್ನು ಅವನ ಎದುರೇ ಬಿಚ್ಚಿ ಓದಿ.